ಪಂಚಕಜ್ಜಾಯದ ಪಿರಿಯಡ್

ಮಂಗಳೂರು ಕಡೆಯ ಚರ್ಚ್ ಕಾಲೇಜುಗಳಲ್ಲಿ ಓದಿದವರಿಗೆ ಈ ವ್ಯವಸ್ಥೆ ಗೊತ್ತಿರುತ್ತದೆ. ವಾರಕ್ಕೊಂದು ಪಿರಿಯಡ್ ಕ್ಲಾಸ್ ಎರಡು ಪಾಲಾಗುತ್ತದೆ. ಕ್ರಿಶ್ಚಿಯನ್ ಮಕ್ಕಳು ಕ್ಯಾಟೆಕಿಸಂಗೆ, ಅಂದರೆ ಧರ್ಮಪಾಠಕ್ಕೆ, ಉಳಿದವರು ವ್ಯಾಲ್ಯೂ ಎಜುಕೇಶನ್‌ಗೆ. ಬ್ಯಾಗ್ ಹೊತ್ತುಕೊಂಡು ಆಚೀಚೆ ಹೋಗುವ ಗಲಾಟೆಯಲ್ಲೇ ಸ್ವಲ್ಪ ಹೊತ್ತು ಕಳೆದುಹೋಗುತ್ತದೆ. ನಾನು ಅರ್ಥಶಾಸ್ತ್ರದ ಮೇಷ್ಟ್ರು. ಮೊದಲು ಈ ಕ್ಲಾಸ್ ನೋಡಿಕೊಳ್ಳುತ್ತಿದ್ದ ಫಾದರ್‌ಗೆ ವರ್ಗವಾಯಿತು. ಟೈಮ್ ಟೇಬಲ್ ಹಾಕುವವರ ಕಣ್ಣಿಗೆ ನಾನು ಖಾಲಿ ಕಂಡೆ. ಹಾಗಾಗಿ ಕ್ರೈಸ್ತರು ಸರಿ ತಪ್ಪು ತೀರ್ಮಾನ ಮಾಡುವುದು ಹೇಗೆ ಅನ್ನುವ ಪಾಠ ಫೈನಲ್ ಇಯರ್‌ನವರಿಗೆ ಮಾಡುವುದು ನನ್ನ ಪಾಲಿಗೆ ಬಂತು.

ಬೈಬಲಿನ ಹತ್ತು ಆಜ್ಞೆ, ಯೇಸುವಿನ ಬೆಟ್ಟದ ಮೇಲಿನ ಬೋಧನೆ ಇವೆಲ್ಲ ಮಕ್ಕಳಿಗೆ ಬಾಯಿಪಾಠ. ಊರಿನ ಚರ್ಚಿನ ದೊತೊರ್ನ್ (ಕೊಂಕಣಿಯಲ್ಲಿ ಧರ್ಮಪಾಠ) ಕ್ಲಾಸಿನಲ್ಲಿ ಕಲಿತು ಬಂದಿರುತ್ತಾರೆ. ನನ್ನ ಕ್ಲಾಸಿನಲ್ಲಿ ಕೊಂಕಣಿ ಕ್ಯಾಥೊಲಿಕರು ಜಾಸ್ತಿ. ಬಾಸೆಲ್ ಮಿಶನ್ ಕಾಲದ ಪ್ರೊಟೆಸ್ಟೆಂಟ್ ಮನೆತನದವರು ಕೆಲವರು, ಕೇರಳದವರು ಕೆಲವರು. ಈಚೆಗೆ ಹೊಸ ಪ್ರಾರ್ಥನಾ ಕೂಟಗಳಿಗೆ ಹೋಗುವ ಮನೆಗಳ ಮಕ್ಕಳೂ ಇದ್ದಾರೆ. ಎಲ್ಲರ ಕೈಯಲ್ಲೂ ಒಂದೇ ಬೈಬಲ್. ಆದರೆ ಪ್ರಶ್ನೆ ಎದ್ದಾಗ ನಾಲ್ಕು ದಿಕ್ಕಿನಿಂದ ನಾಲ್ಕು ಉತ್ತರ.

2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ, ಶನಿವಾರ ಬಂದಿತ್ತು. ಮರುದಿನವೇ ಮೊಂತಿ ಫೆಸ್ತ್, ನಮ್ಮ ತೆನೆ ಹಬ್ಬ. ಅತ್ತ ಪೆಂಡಾಲಿನಲ್ಲಿ ಗಣಪತಿ, ಇತ್ತ ಚರ್ಚಿನಲ್ಲಿ ಹೂವು ಹಿಡಿದ ಮಕ್ಕಳ ಸಾಲು, ಮನೆಯಲ್ಲಿ ಬಾಳೆಎಲೆ ಮೇಲೆ ಸಸ್ಯಾಹಾರಿ ಊಟ. ರಜೆ ಮುಗಿಸಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಹಾಸ್ಟೆಲಿಗೆ ಬಂದಿದ್ದರು. ಆ ವಾರದ ಕ್ಲಾಸಿನಲ್ಲಿ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಸರ್, ರೂಮ್‌ಮೇಟ್ ಚೌತಿಯ ಪಂಚಕಜ್ಜಾಯ ಕೊಟ್ಟಳು. ನಾನು ತಿನ್ನಲಿಲ್ಲ. ಈಗ ಅವಳು ಮಾತು ಬಿಟ್ಟಿದ್ದಾಳೆ. ನಾನು ಮಾಡಿದ್ದು ತಪ್ಪಾ?”

ಕ್ಲಾಸಿಗೆ ಜೀವ ಬಂತು. “ತಿಂದ್ರೆ ಏನಾಗ್ತದೆ ಮಾರಾಯ್ತಿ? ಬೆಲ್ಲ, ತೆಂಗಿನಕಾಯಿ, ಎಳ್ಳು ಅಷ್ಟೇ ಅಲ್ವಾ?” ಅಂದ ಒಬ್ಬ. “ಬೇಡ ಅಂತ ಬೈಬಲ್‌ನಲ್ಲೇ ಉಂಟು” ಅಂದಳು ಇನ್ನೊಬ್ಬಳು. ಮತ್ತೊಬ್ಬ ಫೋನ್ ತೆಗೆದು ಯಾರೋ ಬೋಧಕರ ಒಂದು ನಿಮಿಷದ ವಿಡಿಯೋ ತೋರಿಸಲು ಹೊರಟ. ಅದಕ್ಕೆ ಉತ್ತರವಾಗಿ ಬೇರೆ ಬೋಧಕರ ವಿಡಿಯೋ ಇನ್ನೊಬ್ಬನ ಫೋನಿನಲ್ಲಿ ರೆಡಿ ಇತ್ತು.

ಎಲ್ಲ ಫೋನ್ ಒಳಗೆ ಹಾಕಿಸಿದೆ. ಬೋರ್ಡಿನ ಮೇಲೆ ‘ನೋಡು, ತೂಗು, ಮಾಡು’ ಅಂತ ಬರೆದೆ. ಇದು ಕಾರ್ಖಾನೆಯ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡಿದ ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಅವರು ಬೆಳೆಸಿದ ಕ್ರಮ. 1961ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ತಮ್ಮ ಪತ್ರದಲ್ಲಿ ಇದನ್ನೇ ಎತ್ತಿ ಹೇಳಿದರು. ವೈಸಿಎಸ್ ಅನ್ನುವ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯಲ್ಲಿದ್ದ ಮಕ್ಕಳಿಗೆ ಹೈಸ್ಕೂಲಿನಿಂದಲೇ ಇದರ ಪರಿಚಯ ಇದೆ. ನಾನು ಕಂಡಂತೆ ಎಲ್ಲರೂ ‘ನೋಡು’ ಹಾರಿಸಿ ಸೀದಾ ‘ತೂಗು’ವಿಗೆ ಬರುತ್ತಾರೆ. ಕಾಲ ಬದಲಾಗಿ ಮಕ್ಕಳು ಕೆಟ್ಟರು ಅಂತ ದೊಡ್ಡವರು ಗೊಣಗುತ್ತಾರಲ್ಲ, ನನಗೆ ಹಾಗೆ ಅನಿಸುವುದಿಲ್ಲ. ಸರಿ ತಪ್ಪಿನ ಬಗ್ಗೆ ಇವರಿಗೆ ನಮಗಿಂತ ಹೆಚ್ಚು ಕಾಳಜಿ ಇದೆ. ಆದರೆ ಎದುರಿಗಿರುವ ಮನುಷ್ಯನನ್ನು ನೋಡುವ ಮೊದಲೇ ತೀರ್ಪು ಫೋನಿಗೆ ಬಂದು ಬಿದ್ದಿರುತ್ತದೆ. ಕಷ್ಟ ಇರುವುದು ಅಲ್ಲಿ.

ಹಾಗಾಗಿ ಒಂದು ಷರತ್ತು ಹಾಕಿದೆ. ಇನ್ನು ಸ್ವಲ್ಪ ಹೊತ್ತು ಯಾರೂ ಸರಿ, ತಪ್ಪು ಅನ್ನುವ ಹಾಗಿಲ್ಲ. ಅವಳಿಗೆ ಪ್ರಶ್ನೆ ಮಾತ್ರ ಕೇಳಬಹುದು. ಬೇಡ ಅನಿಸಿದ್ದಕ್ಕೆ ಅವಳು ಉತ್ತರ ಕೊಡಬೇಕಾಗಿಲ್ಲ.

ಮೊದಮೊದಲು ತಮಾಷೆಯ ಪ್ರಶ್ನೆಗಳು ಬಂದವು. ಆಮೇಲೆ ಒಬ್ಬಳು ಕೇಳಿದಳು, “ಬೇಡ ಅಂತ ಬಾಯಿಬಿಟ್ಟು ಹೇಳಿದ್ಯಾ?” ಹುಡುಗಿ ತಲೆ ತಗ್ಗಿಸಿದಳು. ಇಲ್ಲ. ನಗುತ್ತಾ ತೆಗೆದುಕೊಂಡು, ರಾತ್ರಿ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದ್ದಳು. ಬೆಳಿಗ್ಗೆ ಇರುವೆ ಸಾಲು ಕಟ್ಟಿತ್ತು. ರೂಮ್‌ಮೇಟ್ ಕಣ್ಣಿಗೆ ಬಿದ್ದದ್ದು ಹಾಗೆ. ಮಾಡಿಕೊಟ್ಟವರು ಯಾರು? ರೂಮ್‌ಮೇಟ್‌ಳ ಅಜ್ಜಿ, ಇವಳ ಹೆಸರು ಹೇಳಿಯೇ ಬೇರೆ ಡಬ್ಬಿ ಕಟ್ಟಿದ್ದರು. ಪ್ರಸಾದ ಅಂತ ಹೇಳಿ ಕೊಟ್ಟಳಾ? ಇಲ್ಲ, “ಅಜ್ಜಿ ಕೊಟ್ಟದ್ದು” ಅಂದಿದ್ದಳು ಅಷ್ಟೇ. ನಮ್ಮ ಕ್ರಿಸ್ಮಸ್ ತಿಂಡಿ ಕುಸ್ವಾರ್ ಅವಳು ತಿಂದಿದ್ದಾಳಾ? ಪ್ರತಿ ವರ್ಷ. ಕೊನೆಗೆ ಅಷ್ಟು ಹೊತ್ತು ಬಾಯಿ ತೆರೆಯದಿದ್ದ ಹುಡುಗನೊಬ್ಬ, “ನಿಮ್ಮ ಹಾಸ್ಟೆಲಿನ ಕಸದ ಬುಟ್ಟಿ ಖಾಲಿ ಮಾಡುವುದು ಯಾರು?” ಅಂದ. ಮನೆಯಲ್ಲಿ ಚೌತಿ ಮಾಡುವ ಅಕ್ಕ ಒಬ್ಬರು. ಆ ಅಕ್ಕನ ಯೋಚನೆ ನನಗೂ ಬಂದಿರಲಿಲ್ಲ, ಕ್ಲಾಸಿನಲ್ಲಿ ಬೇರೆ ಯಾರಿಗೂ ಬಂದಿರಲಿಲ್ಲ.

ಆಮೇಲೆ ಬೈಬಲ್ ತೆರೆದೆವು. ಸಂತ ಪೌಲ ಸುಮಾರು ಕ್ರಿ.ಶ. 55ರಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ. ಅಲ್ಲಿಯೂ ಇದೇ ಜಗಳ. ಗುಡಿಯಲ್ಲಿ ಬಲಿ ಕೊಟ್ಟ ಪ್ರಾಣಿಯ ಮಾಂಸ ಪೇಟೆಯಲ್ಲೂ ಮಾರಾಟಕ್ಕೆ ಬರುತ್ತಿತ್ತು. ತಿನ್ನಬಹುದಾ ಅಂತ ಜನ ಕೇಳಿದ್ದರು. ಪೇಟೆಯಲ್ಲಿ ಕೊಂಡದ್ದನ್ನು ಕೆದಕದೆ ತಿನ್ನಿ ಅನ್ನುತ್ತಾನೆ ಪೌಲ. ಬೇರೆ ನಂಬಿಕೆಯವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ. ಆದರೆ ಇದು ನೈವೇದ್ಯದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವರ ಮನಸ್ಸಾಕ್ಷಿಗಾಗಿ ಬಿಡಿ. ನಾನು ತಿನ್ನುವುದರಿಂದ ನಂಬಿಕೆಯಲ್ಲಿ ಇನ್ನೂ ಗಟ್ಟಿಯಾಗದ ಸಹೋದರ ಎಡವುವುದಾದರೆ, ನಾನಂತೂ ಮಾಂಸವನ್ನೇ ಮುಟ್ಟುವುದಿಲ್ಲ ಅನ್ನುತ್ತಾನೆ.

ವಿಡಿಯೋದ ಹುಡುಗ ಬಿಡಲಿಲ್ಲ. ಮೊದಲ ಕ್ರೈಸ್ತ ನಾಯಕರ ಜೆರುಸಲೇಮಿನ ಸಭೆ ಇಂಥ ಆಹಾರ ಬೇಡ ಅಂದಿತ್ತಲ್ಲ ಸರ್, ಬೈಬಲಿನ ಕೊನೆಯ ಪ್ರಕಟನೆ ಗ್ರಂಥದಲ್ಲೂ ಬೈದಿದ್ದಾರಲ್ಲ ಅಂದ. ಹೌದು, ಅದೂ ಇದೆ. ಒಂದು ವಚನ ಕಿತ್ತು ತಂದು ಮೇಜಿನ ಮೇಲೆ ಇಟ್ಟರೆ ಆಟ ಮುಗಿಯಿತು ಅನ್ನುವವರಿಗೆ ಇಲ್ಲಿ ತೊಂದರೆ. ಆದರೆ ‘ಸುಮ್ನೆ ತಿನ್ನು’ ಅಂದವನನ್ನೂ ನಾನು ಬಿಡಲಿಲ್ಲ. ತಪ್ಪು ಅಂತ ಮನಸ್ಸು ಹೇಳುತ್ತಿರುವಾಗ ಮಾಡಿದರೆ ಅದು ಪಾಪವೇ ಅಂತ ರೋಮಾಪುರದವರ ಪತ್ರದಲ್ಲಿ ಪೌಲನೇ ಬರೆದಿದ್ದಾನೆ. ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಅದನ್ನೇ ಬೆಳೆಸಿ, ತಪ್ಪಾಗಿ ತಿಳಿದ ಮನಸ್ಸಾಕ್ಷಿಯೂ ಮನುಷ್ಯನನ್ನು ಕಟ್ಟಿಹಾಕುತ್ತದೆ, ಅದನ್ನು ಮೀರುವ ಹಾಗಿಲ್ಲ, ಆದರೆ ಅದನ್ನು ತಿದ್ದಿಕೊಳ್ಳುವ ಜವಾಬ್ದಾರಿಯೂ ಅವನದೇ ಅಂದರು. ತಿನ್ನದೆ ಇರುವ ಹಕ್ಕು ಆ ಹುಡುಗಿಗೆ ಪೂರ್ತಿ ಇದೆ. ನಾನು ಅವಳ ಜಾಗದಲ್ಲಿದ್ದರೆ ಅಜ್ಜಿಯ ಹೆಸರು ಹೇಳಿ ತಿಂದುಬಿಡುತ್ತಿದ್ದೆ, ಅದು ಬೇರೆ ಮಾತು. ಅದನ್ನು ಕ್ಲಾಸಿನಲ್ಲಿ ಹೇಳಿಯೂ ಬಿಟ್ಟೆ. ಮೇಷ್ಟ್ರು ಯಾವ ಕಡೆ ಅಂತ ಮುಚ್ಚಿಟ್ಟರೆ ಮಕ್ಕಳು ಉಳಿದ ಹೊತ್ತೆಲ್ಲ ಅದನ್ನೇ ಹುಡುಕುತ್ತಾ ಕೂರುತ್ತಾರೆ.

ಬೆಲ್ ಆಗುವ ಹೊತ್ತಿಗೆ ತಿನ್ನಬೇಕಾ ಬೇಡವಾ ಅನ್ನುವ ವಾದ ಯಾರಿಗೂ ಬೇಡವಾಗಿತ್ತು. ಎಲ್ಲರ ಮಾತೂ ನಗುತ್ತಾ ತೆಗೆದುಕೊಂಡು ಬುಟ್ಟಿಗೆ ಹಾಕಿದ್ದರ ಮೇಲೆ ನಿಂತಿತ್ತು. ಮುಂದಿನ ವಾರ ಆ ಹುಡುಗಿ ತಾನಾಗಿಯೇ ಹೇಳಿದಳು: ರೂಮ್‌ಮೇಟ್ ಹತ್ತಿರ ಕ್ಷಮೆ ಕೇಳಿದೆ, ಪೂಜೆಗಿಟ್ಟದ್ದನ್ನು ನಮ್ಮ ಮನೆಯಲ್ಲಿ ತಿನ್ನುವುದಿಲ್ಲ ಅಂತಲೂ ಹೇಳಿದೆ. ರೂಮ್‌ಮೇಟ್ ಬೈದಳಂತೆ. “ಮೊದಲೇ ಹೇಳಿದ್ರೆ ಅಜ್ಜಿ ಪೂಜೆಗಿಡುವ ಮುಂಚೆಯೇ ತೆಗೆದಿಡ್ತಿದ್ರು, ಮಂಡೆ ಇಲ್ವಾ ನಿಂಗೆ?”

ಅದೇ ದಿನ ಇನ್ನೊಬ್ಬ, ಚಾಟ್‌ಜಿಪಿಟಿಯಲ್ಲಿ ಅಸೈನ್‌ಮೆಂಟ್ ಬರೆಸಿದರೆ ಹೇಗೆ ಸರ್, ಅದಕ್ಕೆ ಪೌಲ ಏನೂ ಬರೆದಿಲ್ಲವಲ್ಲ ಅಂದ. ಅದು ಎರಡು ವಾರ ಹಿಡಿಯಿತು. ಅದರ ಕಥೆ ಇಲ್ಲಿ ಬೇಡ.

ಟೆಸ್ಟ್‌ನಲ್ಲಿ ಒಂದು ಸನ್ನಿವೇಶ ಕೊಟ್ಟಿದ್ದೆ. ಅನುಭವ ಇದೆ ಅಂತ ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಮನೆಯಲ್ಲಿ ಸಾಲ ಇದೆ, ಏನು ಮಾಡುತ್ತೀರಿ? ಕಸದ ಬುಟ್ಟಿಯ ಪ್ರಶ್ನೆ ಕೇಳಿದ್ದ ಹುಡುಗ ಎರಡು ಪುಟ ತುಂಬ ಪ್ರಶ್ನೆಗಳನ್ನೇ ಬರೆದಿದ್ದ. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಆ ಕೆಲಸಕ್ಕೆ ನಿಜವಾಗಿ ಅರ್ಹನಾದವನು ಎಲ್ಲಿದ್ದಾನೆ ಅಂತಲೂ ಕೇಳಿದ್ದ. ಆದರೆ ತಾನು ಏನು ಮಾಡುತ್ತೇನೆ ಅಂತ ಎಲ್ಲೂ ಬರೆದಿರಲಿಲ್ಲ. ಹತ್ತಕ್ಕೆ ಆರು ಕೊಟ್ಟೆ. ಸ್ಟಾಫ್ ರೂಮಿಗೆ ಬಂದು, “ನೋಡು ಅಂದವರು ನೀವೇ ಅಲ್ವಾ ಸರ್?” ಅಂತ ಜಗಳಕ್ಕೆ ನಿಂತ. ಬೋರ್ಡಿನ ಮೇಲೆ ಮೂರನೆಯದೂ ಒಂದಿತ್ತಲ್ಲ ಮಾರಾಯ ಅಂದೆ. ಅವನು ಒಪ್ಪಲಿಲ್ಲ. ಪಕ್ಕದ ಮೇಜಿನ ಸಿಸ್ಟರ್ ಅವನದೇ ಸರಿ ಅಂತಾರೆ.