ಒಣ ಬೋರನ್ನೂ ನಕ್ಷೆಗೆ ಹಾಕಿ

ನಕ್ಷೆ ಅಂದರೆ ಮೇಲಿನಿಂದ ನೋಡುವುದು. ಕೆರೆ, ರಸ್ತೆ, ಹೊಲದ ಬದು, ಊರು. ಆದರೆ ನಮ್ಮ ಚಿಂತಾಮಣಿ ಕಡೆ ರೈತರನ್ನು ಕಾಡುವ ಪ್ರಶ್ನೆಗಳೆಲ್ಲ ನೆಲದ ಕೆಳಗಿನವು. ಎಷ್ಟು ಅಡಿಗೆ ಗಟ್ಟಿ ಕಲ್ಲು ಬರುತ್ತದೆ? ಗ್ಯಾಪ್, ಅಂದರೆ ನೀರಿರುವ ಬಿರುಕು, ಎಲ್ಲಿ ಸಿಗುತ್ತದೆ? ಪಕ್ಕದ ತೋಟದಲ್ಲಿ ಬಂದ ನೀರು ನಮ್ಮಲ್ಲಿ ಯಾಕೆ ಬರಲಿಲ್ಲ?

ಅಂತರ್ಜಲದ ಕೆಲಸ ಮಾಡುವ ಒಂದು ಸಣ್ಣ ತಂಡದಲ್ಲಿ ನಾನಿದ್ದೇನೆ. ಹಗಲು ಹೊಲಗಳಲ್ಲಿ ಓಡಾಟ, ಸಂಜೆ ಲ್ಯಾಪ್‌ಟಾಪಿನಲ್ಲಿ ಕ್ಯೂಜಿಐಎಸ್. ಇದು ನಕ್ಷೆ ಮಾಡುವ ಉಚಿತ ತಂತ್ರಾಂಶ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಬೋರ್‌ವೆಲ್‌ಗಳನ್ನು ಅದರಲ್ಲಿ ಬರೀ ಚುಕ್ಕಿಗಳಾಗಿ ಅಲ್ಲದೆ ಆಳದ ಸಮೇತ ನೋಡುವುದು ಹೇಗೆ ಅಂತ ಕೆಲವರು ಕೇಳಿದ್ದರು. ಅದಕ್ಕೇ ಈ ಬರಹ.

ಮೊದಲು ಮಾಹಿತಿಯ ಮಾತು. ಬೋರ್ ಲಾರಿ ಬಂದು ಕೊರೆಯುವಾಗ ಕಂಪ್ರೆಸರ್ ಗಾಳಿಗೆ ಕಲ್ಲಿನ ಪುಡಿ ಮೇಲೆ ಬರುತ್ತದೆ. ಮೊದಲು ಕೆಂಪು ಮಣ್ಣು, ಆಮೇಲೆ ಗರಸು, ಆಮೇಲೆ ಬೂದಿ ಬಣ್ಣದ ಪುಡಿ. ಬೂದಿ ಬಣ್ಣ ಅಂದರೆ ನೈಸ್ ಅನ್ನೋ ಗಟ್ಟಿ ಕಲ್ಲು ಅಥವಾ ಗ್ರಾನೈಟ್. ಪುಡಿ ಕಪ್ಪಗಾದರೆ ಕರಿಕಲ್ಲು, ಹೆಚ್ಚಾಗಿ ಡಾಲರೈಟ್ ಡೈಕ್, ಅಂದರೆ ಹಳೆಯ ಕಲ್ಲಿನ ಬಿರುಕಿಗೆ ನುಗ್ಗಿ ಗೋಡೆಯಂತೆ ಗಟ್ಟಿಯಾದ ಕಲ್ಲು. ಬಿರುಕು ಸಿಕ್ಕಾಗ ಹ್ಯಾಮರಿನ ಸದ್ದು ಬದಲಾಗುತ್ತದೆ, ಪುಡಿ ಕೆಸರಾಗುತ್ತದೆ. ಲಾರಿಯವರು ಇದನ್ನೆಲ್ಲ ಅಡಿ ಲೆಕ್ಕದಲ್ಲಿ ಕರಾರುವಾಕ್ಕಾಗಿ ಹೇಳುತ್ತಾರೆ. ಬರೆದಿಡುವವರು ಮಾತ್ರ ಕಡಿಮೆ. ಎಷ್ಟೋ ಮನೆಗಳಲ್ಲಿ ಉಳಿದಿರುವ ಒಂದೇ ಕಾಗದ ಕೇಸಿಂಗ್ ಪೈಪಿನ ಬಿಲ್ಲು. ಅದನ್ನು ಬಿಸಾಡಬೇಡಿ. ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ ಕೇಸಿಂಗ್ ಇಳಿಸುತ್ತಾರೆ ಅಲ್ವಾ? ಹಾಗಾಗಿ ಎಷ್ಟು ಅಡಿ ಪೈಪು ತಂದರು ಅಂತ ಗೊತ್ತಾದರೆ ಮಣ್ಣು, ಗರಸು, ಮೆತ್ತನೆ ಕಲ್ಲು ಎಲ್ಲ ಸೇರಿ ಅಲ್ಲಿ ಎಷ್ಟು ದಪ್ಪ ಇದೆ ಅನ್ನೋದು ಹೆಚ್ಚುಕಡಿಮೆ ಗೊತ್ತಾದ ಹಾಗೆ.

ಇದಕ್ಕೆ ಎರಡು ಪಟ್ಟಿ ಸಾಕು. ಒಂದರಲ್ಲಿ ಬೋರಿನ ಗುರುತು, ಅಕ್ಷಾಂಶ, ರೇಖಾಂಶ, ನೆಲದ ಎತ್ತರ, ಕೊರೆದ ವರ್ಷ. ಇನ್ನೊಂದರಲ್ಲಿ ಅದೇ ಗುರುತು, ಎಷ್ಟು ಅಡಿಯಿಂದ ಎಷ್ಟು ಅಡಿವರೆಗೆ, ಏನು ಸಿಕ್ಕಿತು. ಒಂದು ಬೋರಿಗೆ ಎರಡನೇ ಪಟ್ಟಿಯಲ್ಲಿ ನಾಲ್ಕೈದು ಸಾಲು ಬರುತ್ತದೆ. ಗಣಿಗಳಲ್ಲಿ ಓರೆಯಾಗಿ ಕೊರೆಯುವುದರಿಂದ ಅವರಿಗೆ ದಿಕ್ಕು, ಕೋನ ಬರೆಯುವ ಮೂರನೇ ಪಟ್ಟಿಯೂ ಬೇಕು. ನೀರಿನ ಬೋರು ನೆಟ್ಟಗೆ ಇಳಿಯುತ್ತದೆ, ನಮಗೆ ಅದು ಬೇಡ. ಲಾರಿಯವರು ಹೇಳಿದ ಮಾತನ್ನು ಹಾಗೇ ಕನ್ನಡದಲ್ಲಿ ಬರೆಯಿರಿ, ಶಾಸ್ತ್ರದ ಹೆಸರಿಗೆ ಬೇರೆ ಕಾಲಂ ಇರಲಿ. ಎಕ್ಸೆಲ್‌ನಿಂದ ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಅಂತಲೇ ಆರಿಸಿ. ಸುಮ್ನೆ 'ಸಿಎಸ್‌ವಿ' ಅಂತ ಉಳಿಸಿದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆ ಆಗಿಬಿಡುತ್ತದೆ.

ಈಗ ಎತ್ತರ. ನಕ್ಷೆಗೆ 'ಆಳ' ಅನ್ನೋದು ಅರ್ಥವಾಗುವುದಿಲ್ಲ, ಅದಕ್ಕೆ ಬೇಕಾದ್ದು ಸಮುದ್ರ ಮಟ್ಟದಿಂದ ಎತ್ತರ. ನೆಲ 870 ಮೀಟರಿನಲ್ಲಿದ್ದು 640 ಅಡಿಗೆ ನೀರು ಸಿಕ್ಕಿದ್ದರೆ, 640 ಅಡಿ ಅಂದರೆ 195 ಮೀಟರ್, ನೀರು ಸಿಕ್ಕಿದ ಜಾಗ 675 ಮೀಟರ್. ಗುಡ್ಡದ ಮೇಲಿನ ಬೋರು, ಹಳ್ಳದ ಪಕ್ಕದ ಬೋರು ಎರಡನ್ನೂ ಹೋಲಿಸುವುದು ಹೀಗೆ ಮಾಡಿದಾಗಲೇ.

ಫೋನು ತೋರಿಸುವ ಎತ್ತರವನ್ನು ನಾನು ಬಳಸುವುದಿಲ್ಲ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಗೆ ಗಣಿತದಲ್ಲಿ ಕೊಟ್ಟ ಒಂದು ನಯವಾದ ಆಕಾರದ ಮೇಲಿಂದ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರ ಮಟ್ಟ ಆ ಆಕಾರಕ್ಕಿಂತ ಕೆಳಗಿದೆ. ನಮ್ಮ ಕಡೆ ವ್ಯತ್ಯಾಸ 80 ಮೀಟರಿಗೂ ಜಾಸ್ತಿ. ಕೆಲವು ಆ್ಯಪ್‌ಗಳು ಇದನ್ನು ಸರಿಪಡಿಸಿ ತೋರಿಸುತ್ತವೆ, ಕೆಲವು ಇಲ್ಲ. ಒಂದೇ ಊರಿನಲ್ಲಿ ಇಬ್ಬರ ಫೋನಿನಿಂದ ಎತ್ತರ ತೆಗೆದುಕೊಂಡರೆ ಅಕ್ಕಪಕ್ಕದ ಬೋರುಗಳು 80 ಮೀಟರಿನಷ್ಟು ಮೇಲೆ ಕೆಳಗೆ ಕಾಣಬಹುದು. ಅದರ ಬದಲು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಉಚಿತವಾಗಿ ಸಿಗುತ್ತದೆ. ಸುಮಾರು 30 ಮೀಟರಿಗೊಂದು ಅಳತೆ. ಕೆಲವು ಮೀಟರ್ ಆಚೀಚೆ ಇರಬಹುದು, ಆದರೆ ಎಲ್ಲ ಬೋರಿಗೂ ಒಂದೇ ಅಳತೆಗೋಲು. 'ಸ್ಯಾಂಪಲ್ ರಾಸ್ಟರ್ ವ್ಯಾಲ್ಯೂಸ್' ಅನ್ನೋ ಉಪಕರಣ ಒಂದೇ ಸಲಕ್ಕೆ ಎಲ್ಲ ಚುಕ್ಕಿಗಳಿಗೂ ಎತ್ತರ ತುಂಬಿಕೊಡುತ್ತದೆ.

ನಮ್ಮ ತಾಲೂಕಿಗೇ ಸೇರಿದ ಇನ್ನೊಂದು ತೊಡಕು ಇದೆ. ಅಡ್ಡ ಅಳತೆಯೂ ಮೀಟರಿನಲ್ಲಿರಬೇಕು, ಅದಕ್ಕೆ ಯುಟಿಎಂ ಬೇಕು, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ. 78 ಡಿಗ್ರಿ ರೇಖಾಂಶದ ಪಶ್ಚಿಮಕ್ಕೆ 43ನೇ ವಲಯ, ಪೂರ್ವಕ್ಕೆ 44. ಆ ಗೆರೆ ಚಿಂತಾಮಣಿ ಪೇಟೆಯ ಸ್ವಲ್ಪ ಪಶ್ಚಿಮಕ್ಕೇ ಹಾದುಹೋಗುತ್ತದೆ. ಬೆಂಗಳೂರಿನಲ್ಲಿ ಮಾಡಿದ ಕಡತಗಳು ಸಾಮಾನ್ಯವಾಗಿ 43ರಲ್ಲಿರುತ್ತವೆ, ಕೋಲಾರ ಪೇಟೆ ಇರೋದು 44ರಲ್ಲಿ. ಇಡೀ ಕೆಲಸಕ್ಕೆ ಒಂದೇ ವಲಯ ಇಟ್ಟುಕೊಳ್ಳಿ. ಗೆರೆಯಿಂದ ಕೆಲವು ಕಿಲೋಮೀಟರ್ ಆಚೆ ಹೋದರೆ ಏನೂ ತೊಂದರೆಯಿಲ್ಲ.

ಇಷ್ಟಾದ ಮೇಲೆ ಬೋರನ್ನು ನಿಲ್ಲಿಸುವುದು ಸುಲಭ. 'ಜಿಯಾಮೆಟ್ರಿ ಬೈ ಎಕ್ಸ್‌ಪ್ರೆಶನ್' ತೆರೆದು, ಎರಡನೇ ಪಟ್ಟಿಯ ಪ್ರತಿ ಸಾಲಿನ ಮೇಲಿನ ತುದಿಗೊಂದು ಬಿಂದು, ಕೆಳಗಿನ ತುದಿಗೊಂದು ಬಿಂದು ಕೊಟ್ಟು ನಡುವೆ ಗೆರೆ ಎಳೆಯಲು ಹೇಳಿದರೆ ಆಯಿತು. ಝಡ್ ಬೆಲೆ, ಅಂದರೆ ಎತ್ತರ, ಸೇರಿಸುವ ಗುರುತು ಹಾಕಲೇಬೇಕು. ಕಲ್ಲಿಗೊಂದು ಬಣ್ಣ ಕೊಟ್ಟು ತ್ರೀಡಿ ನೋಟ ತೆರೆಯಿರಿ. ಅಲ್ಲಿ 'ಆಲ್ಟಿಟ್ಯೂಡ್ ಕ್ಲ್ಯಾಂಪಿಂಗ್' ಅನ್ನೋದು 'ಆ್ಯಬ್ಸೊಲ್ಯೂಟ್' ಆಗಿರಲಿ. 'ರಿಲೇಟಿವ್' ಇದ್ದರೆ ನೆಲದ ಎತ್ತರ ಎರಡು ಸಲ ಸೇರಿಕೊಂಡು ಬೋರುಗಳೆಲ್ಲ ಆಕಾಶದಲ್ಲಿ ನೇತಾಡುತ್ತವೆ. ನೆಲದ ಪದರವನ್ನು ಆಫ್ ಮಾಡಿದರೆ ಕೆಳಗಿನದು ಸ್ಪಷ್ಟವಾಗಿ ಕಾಣುತ್ತದೆ.

ತ್ರೀಡಿ ನೋಡಲು ಚೆಂದ. ಆದರೆ ನಿಜವಾದ ಕೆಲಸ ಆಗುವುದು ಸೀಳುನೋಟದಲ್ಲಿ. ಬದನೆಕಾಯಿ ಸೀಳಿ ಒಳಗೆ ಹುಳ ಇದೆಯಾ ಅಂತ ನೋಡುವ ಹಾಗೆ, ನಕ್ಷೆಯ ಮೇಲೆ ಒಂದು ಗೆರೆ ಎಳೆದು ಆ ಜಾಗದಲ್ಲಿ ನೆಲವನ್ನು ಕತ್ತರಿಸಿ ನೋಡುವುದು. 2022ರಲ್ಲಿ ಬಂದ 3.26ನೇ ಆವೃತ್ತಿಯಿಂದ 'ಎಲಿವೇಶನ್ ಪ್ರೊಫೈಲ್' ಕ್ಯೂಜಿಐಎಸ್ ಒಳಗೇ ಇದೆ. ಅದರಲ್ಲಿ 'ಟಾಲರೆನ್ಸ್' ಅನ್ನೋ ಒಂದು ಅಂಕಿ ಇದೆ. ಗೆರೆಯಿಂದ ಎಷ್ಟು ಮೀಟರ್ ದೂರದವರೆಗಿನ ಬೋರುಗಳನ್ನು ಚಿತ್ರಕ್ಕೆ ಸೇರಿಸಬೇಕು ಅನ್ನೋದು ಅದರ ಅರ್ಥ. ಬಹಳ ಜನ ಇದನ್ನು ದೊಡ್ಡದಾಗಿ ಕೊಡುತ್ತಾರೆ, ಚಿತ್ರ ತುಂಬಿಕೊಂಡು ಕಾಣಲಿ ಅಂತ. ಗಟ್ಟಿ ಕಲ್ಲಿನ ನಾಡಿನಲ್ಲಿ ಹಾಗೆ ಮಾಡಬಾರದು.

ಯಾಕೆ ಅಂತ ಒಂದು ಹೊಲದ ಉದಾಹರಣೆಯಲ್ಲೇ ಹೇಳುತ್ತೇನೆ. ಅಲ್ಲಿ ಎರಡು ಬೋರು, ನಡುವೆ ಅರವತ್ತು ಮೀಟರ್ ಇರಬಹುದು. ಒಂದರಲ್ಲಿ 640 ಅಡಿಗೆ ಎರಡು ಇಂಚು ನೀರು. ಇನ್ನೊಂದು 1200 ಅಡಿ ಹೋದರೂ ಬರೀ ಧೂಳು. ಆ ಒಣ ಬೋರಿನ ಮೇಲೆ ಚಪ್ಪಡಿ ಮುಚ್ಚಿತ್ತು. ನಾನು ಅದರ ಪಕ್ಕ ನಿಂತು ಫೋನು ತೆಗೆದಾಗ ಯಜಮಾನರು ಬೇಸರದಿಂದಲೇ ಕೇಳಿದರು: "ಅದ್ರಲ್ಲಿ ನೀರೇ ಇಲ್ಲ ಕಣಮ್ಮಾ, ಅದನ್ಯಾಕೆ ಬರ್ಕೊಳ್ತೀಯಾ?" ಅದರಲ್ಲಿ ಏನು ಬಂತು ಅಂತ ಕೇಳಿದೆ. 200 ಅಡಿಯಿಂದ ಕೆಳಗೆಲ್ಲ ಕರಿ ಪುಡಿ ಅಂದರು. ಸಂಜೆ ಸೀಳುನೋಟದಲ್ಲಿ ಹಾಕಿದಾಗ ಒಂದು ಬೋರು ಪೂರ್ತಿ ಬೂದಿ ಬಣ್ಣ, ಪಕ್ಕದ್ದು ಅರ್ಧಕ್ಕಿಂತ ಜಾಸ್ತಿ ಕಪ್ಪು. ಎತ್ತರದ ಮಾಹಿತಿಯಿಂದ ಮಾಡಿದ ನೆರಳು ನಕ್ಷೆಯನ್ನು ಅಡಿಗೆ ಹಾಸಿದರೆ, ಆ ಒಣ ಬೋರಿನ ಹತ್ತಿರವೇ ಒಂದು ಉದ್ದನೆಯ ತೆಳು ದಿಣ್ಣೆ. ಹೊಲದಲ್ಲಿ ಅದು ಕಪ್ಪು ಗುಂಡುಗಳ ಸಾಲಾಗಿ ಕಾಣುತ್ತದೆ. ಡೈಕ್ ಅದು. ಕೆಲವು ಕಡೆ ಡೈಕ್ ನೀರಿಗೆ ಅಡ್ಡಗೋಡೆ, ಕೆಲವು ಕಡೆ ಅದರ ಅಂಚು ಬಿರುಕು ಬಿಟ್ಟು ನೀರಿಗೆ ದಾರಿ. ಇಲ್ಲಿ ಗೋಡೆ ಎಲ್ಲಿದೆ ಅಂತ ತೋರಿಸಿಕೊಟ್ಟಿದ್ದು ಆ ಒಣ ಬೋರೇ. ಬರೀ ನೀರಿರುವ ಬೋರುಗಳನ್ನು ಬರೆದುಕೊಂಡಿದ್ದರೆ ಆ ಹೊಲದ ಚಿತ್ರದಲ್ಲಿ ಡೈಕ್ ಇರುತ್ತಲೇ ಇರಲಿಲ್ಲ. ಅರವತ್ತು ಮೀಟರಿಗೇ ಕಲ್ಲು ಹೀಗೆ ಬದಲಾಗುವಾಗ, ಟಾಲರೆನ್ಸ್ ದೊಡ್ಡದು ಮಾಡಿ ದೂರದ ಬೋರುಗಳನ್ನು ಒಂದೇ ಗೆರೆಗೆ ಎಳೆದು ತಂದರೆ ಚಿತ್ರ ದಾರಿ ತಪ್ಪಿಸುತ್ತದೆ.

ಭೂವೈಜ್ಞಾನಿಕ ಸರ್ವೇಕ್ಷಣೆಯ ನಕ್ಷೆಗಳು ಭೂಕೋಶ್ ಜಾಲತಾಣದಲ್ಲಿ ಸಿಗುತ್ತವೆ, ಅವನ್ನೂ ಅಡಿಗೆ ಹಾಕಿಕೊಳ್ಳಿ. ಆದರೆ 1:50,000 ಅಳತೆಯಲ್ಲಿ 50 ಮೀಟರ್ ಅಂದರೆ ಕಾಗದದ ಮೇಲೆ ಒಂದು ಮಿಲಿಮೀಟರ್. ನಮ್ಮ ಎರಡು ಬೋರಿನ ನಡುವಿನ ಕಥೆ ಅಷ್ಟರಲ್ಲೇ ಮುಗಿದುಹೋಗುತ್ತದೆ.

ಬೋರುಗಳು ಪಕ್ಕಪಕ್ಕ ನಿಂತಾಗ ಒಂದರ ನೀರನ್ನು ಇನ್ನೊಂದರ ನೀರಿಗೆ ಗೆರೆ ಎಳೆದು ಜೋಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಗೆರೆ ಎಳೆದರೆ ಚಿತ್ರ ಪೂರ್ತಿಯಾದಂತೆ ಕಾಣುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಅದು ನಡೆಯುತ್ತದೆ. ಅಲ್ಲಿ ಮರಳು, ಜೇಡಿ ಪದರ ಪದರವಾಗಿ ಕೂತಿದೆ. ಅವರ ಜಿಯೊಟಾಪ್ ಮಾದರಿ 100 ಮೀಟರ್ ಉದ್ದಗಲ, ಅರ್ಧ ಮೀಟರ್ ದಪ್ಪದ ತುಂಡುಗಳಲ್ಲಿ 50 ಮೀಟರ್ ಆಳದವರೆಗೆ ತೋರಿಸುತ್ತದೆ. ನಮ್ಮಲ್ಲೇ ವಿಜಯಪುರದ ಕಡೆ ಬಸಾಲ್ಟ್ ಕಲ್ಲಿನ ಪದರಗಳು ಹೆಚ್ಚುಕಡಿಮೆ ಸಮತಟ್ಟಾಗಿವೆ, ನಡುವೆ ಕೆಂಪು ಪದರಗಳು ಸಿಗುತ್ತವೆ. ಅಲ್ಲಿ ಎರಡು ಬೋರಿನ ಕೆಂಪನ್ನು ಜೋಡಿಸಿ ನೋಡುವುದರಲ್ಲಿ ಅರ್ಥವಿದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ನೀರಿರುವುದು ಬಿರುಕುಗಳಲ್ಲಿ. ಬಿರುಕು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಎರಡು ತೂತಿನಿಂದ ಹೇಳಲು ಬರುವುದಿಲ್ಲ. ಹಾಗಾಗಿ ನಾನು ಮೇಲಿನ ಮೆತ್ತನೆ ಪದರದ ತಳಕ್ಕೆ ಮಾತ್ರ ಗೆರೆ ಎಳೆಯುತ್ತೇನೆ, ಅದೂ ಚುಕ್ಕಿ ಗೆರೆ. ಅದರ ಕೆಳಗೆ ಬೋರುಗಳ ನಡುವಿನ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ಬಣ್ಣ ತುಂಬಿ ರೈತರ ಮುಂದಿಟ್ಟರೆ ಅವರು ಅದನ್ನು ನಂಬಿ ಸಾಲ ಮಾಡಿ ಇನ್ನೊಂದು ಬೋರು ಕೊರೆಸುತ್ತಾರೆ. ಅದು ನನಗೆ ಬೇಡ.

ಲಂಬ ಅಳತೆಯನ್ನು ಹಿಗ್ಗಿಸುವಾಗಲೂ ಎಚ್ಚರ ಇರಲಿ. 30 ಡಿಗ್ರಿ ಓರೆಯ ಬಿರುಕು ಐದು ಪಟ್ಟು ಹಿಗ್ಗಿಸಿದ ಚಿತ್ರದಲ್ಲಿ 71 ಡಿಗ್ರಿಯಾಗಿ, ಹೆಚ್ಚುಕಡಿಮೆ ನೆಟ್ಟಗೆ ಕಾಣುತ್ತದೆ. ಒಂದು ಕಿಲೋಮೀಟರ್ ಅಗಲಕ್ಕೆ 300 ಮೀಟರ್ ಆಳ ಅಂದರೆ ಹಿಗ್ಗಿಸುವ ಅಗತ್ಯವೇ ಇಲ್ಲ.

ಕಲ್ಲಿನ ಬದಲು ಕೊರೆದ ವರ್ಷಕ್ಕೆ ಬಣ್ಣ ಕೊಟ್ಟೂ ಒಮ್ಮೆ ನೋಡಿ. ಹಳೆಯ ಬೋರುಗಳು ಮೇಲೆ ಮೇಲೇ ನಿಂತಿರುತ್ತವೆ, ಹೊಸವು ಉದ್ದಕ್ಕೆ ಇಳಿದಿರುತ್ತವೆ. ಊರಿನವರ ಜೊತೆ ಕೂತು ಈ ಚಿತ್ರ ನೋಡಿದಾಗ ಯಾರಿಗೂ ವಿವರಿಸಬೇಕಾಗಲಿಲ್ಲ. ಯಾವುದು ಯಾರ ಬೋರು, ಯಾವಾಗ ಬತ್ತಿತು ಅಂತ ಅವರೇ ಹೇಳತೊಡಗಿದರು. ಪಟ್ಟಿಯಲ್ಲಿ ಇಲ್ಲದ ಎಷ್ಟೋ ಬೋರುಗಳು ಆಗಲೇ ಸೇರಿದವು. ತೆರೆದೇ ಬಿಟ್ಟ ಕೆಲವು ಬೋರುಗಳ ಸುದ್ದಿಯೂ ಬಂತು. ಪಾಳು ಬೋರುಗಳನ್ನು ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅಂಥವಕ್ಕೆ ಪಟ್ಟಿಯಲ್ಲಿ ಬೇರೆ ಗುರುತು ಹಾಕಿದ್ದೇವೆ, ಮುಚ್ಚಿಸುವ ಕೆಲಸ ಮೊದಲು.

ನಿಮ್ಮ ತೋಟದಲ್ಲಿ ಬೋರ್ ಲಾರಿ ನಿಂತಿದ್ದರೆ ಇಷ್ಟು ಬರೆದುಕೊಳ್ಳಿ: ಜಾಗದ ಲೊಕೇಶನ್, ತಾರೀಖು, ಕೇಸಿಂಗ್ ಎಷ್ಟು ಅಡಿ, ಪುಡಿಯ ಬಣ್ಣ ಯಾವ ಯಾವ ಅಡಿಗೆ ಬದಲಾಯಿತು, ನೀರು ಎಷ್ಟು ಅಡಿಗೆ, ಎಷ್ಟು ಇಂಚು. ಒಂದೊಂದು ಬಣ್ಣದ ಪುಡಿಯನ್ನು ಚಿಕ್ಕ ಕವರಿನಲ್ಲಿ ಹಾಕಿ ಮೇಲೆ ಅಡಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ನೀರು ಬರಲಿಲ್ಲ ಅಂದರೂ ಕೊನೆಯ ಅಡಿವರೆಗೆ ಬರೆಯಿರಿ. ಮುಂದಿನ ಸಲ ಪಾಯಿಂಟ್ ಹಾಕುವ ಮೊದಲು ಅಕ್ಕಪಕ್ಕದವರ ಚೀಟಿಗಳನ್ನೂ ಕೇಳಿ ತರಿಸಿಕೊಳ್ಳಿ.