ಊಟಕ್ಕೋಸ್ಕರನೇ ಇಟಲಿಗೆ ಹೋಗೋ ಜೋಡಿಗಳಿಗೆ: ಬೊಲೋನ್ಯಾದಲ್ಲಿ ಐದು ರಾತ್ರಿ, ನೇಪಲ್ಸಲ್ಲಿ ಮೂರು

ನಮ್ಮ ಮದುವೆಗೆ ಹತ್ತು ವರ್ಷ ತುಂಬ್ತು ಅಂತ ಏಪ್ರಿಲ್ ಕೊನೇಲಿ ಇಟಲಿಗೆ ಹೋಗ್ಬಂದ್ವಿ. ಹೊರಡೋ ಮುಂಚೆ ಇಬ್ರೂ ಕೂತು ಮಾತಾಡ್ಕೊಂಡಿದ್ದು ಒಂದೇ, ಈ ಸಲ ಊಟಕ್ಕೋಸ್ಕರನೇ ಹೋಗೋದು, ಚರ್ಚು ಮ್ಯೂಸಿಯಂ ದಾರೀಲಿ ಸಿಕ್ಕಿದ್ರೆ ನೋಡೋದು. ನಾನು ಸಾಗರದ ಕಡೆಯವ್ಳು, ಮೊಟ್ಟೆ ತಿನ್ನೋದು ಮದುವೆ ಆದ್ಮೇಲೆ ಅಭ್ಯಾಸ ಆಯ್ತು, ಮೀನು ಮಾಂಸ ಮುಟ್ಟಲ್ಲ. ನಮ್ಮನೆಯವ್ರು ಮಂಗಳೂರಿನವ್ರು, ಎಲ್ಲಾ ತಿಂತಾರೆ. ಒಬ್ರು ವೆಜ್ ಒಬ್ರು ನಾನ್‌ವೆಜ್ ಇರೋ ಜೋಡಿ ಒಂದೇ ಟೇಬಲ್ ಮುಂದೆ ಕೂತು ಇಬ್ರೂ ಖುಷಿಯಾಗಿ ಊಟ ಮಾಡಕ್ಕಾಗತ್ತಾ ಅಂತ ತುಂಬ ಜನ ಕೇಳಿದ್ರು. ಆಗತ್ತೆ, ಚೆನ್ನಾಗೇ ಆಗತ್ತೆ, ಆದ್ರೆ ಕೆಲವು ವಿಷ್ಯ ಮುಂಚೆನೇ ತಿಳ್ಕೊಂಡಿರ್ಬೇಕು.

ಎಲ್ಲಕ್ಕಿಂತ ಮುಖ್ಯವಾದ್ದು ಮೊದ್ಲೇ ಹೇಳ್ತೀನಿ, ಊರು ಕಮ್ಮಿ ಮಾಡಿ. ನಮ್ಮ ಮೊದಲ್ನೇ ಪ್ಲಾನಲ್ಲಿ ಮಿಲಾನ್, ವೆನಿಸ್, ಫ್ಲಾರೆನ್ಸ್, ರೋಮ್, ನೇಪಲ್ಸ್ ಎಲ್ಲಾ ಇತ್ತು, ಹತ್ತು ದಿನಕ್ಕೆ ಐದೂರು. ಅಲ್ಲಿ ಬಹಳಷ್ಟು ಹೋಟ್ಲುಗಳಲ್ಲಿ ಅಡುಗೆಮನೆ ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾದ್ರೆ ಎರಡೂವರೆ ಹೊತ್ತಿಗೆ ಬಂದ್, ಮತ್ತೆ ತೆಗೆಯೋದು ರಾತ್ರಿ ಏಳೂವರೆಗೆ. ಊರು ಬದಲಾಯಿಸೋ ದಿನ ರೂಮ್ ಖಾಲಿ ಮಾಡಿ, ಟ್ರೈನ್ ಹತ್ತಿ, ಸೂಟ್‌ಕೇಸ್ ಎಳ್ಕೊಂಡು ಹೊಸ ರೂಮಿಗೆ ಸೇರೋ ಹೊತ್ತಿಗೆ ಆ ಎರಡು ಗಂಟೆ ಕಳ್ದೇ ಹೋಗಿರತ್ತೆ, ಅಂದ್ರೆ ಐದೂರು ಇಟ್ಕೊಂಡ್ರೆ ನಾಲ್ಕು ಒಳ್ಳೆ ಮಧ್ಯಾಹ್ನದ ಊಟ ಹೋದ ಹಾಗೆ. ಹಾಗಾಗಿ ಬೊಲೋನ್ಯಾದಲ್ಲಿ ಐದು ರಾತ್ರಿ, ನೇಪಲ್ಸಲ್ಲಿ ಮೂರು, ವಾಪಸ್ ಫ್ಲೈಟಿಗೆ ಅಂತ ರೋಮಲ್ಲಿ ಒಂದು, ಅಷ್ಟೇ ಮಾಡ್ಕೊಂಡ್ವಿ. ಬೊಲೋನ್ಯಾ ಯಾಕಂದ್ರೆ ಅಲ್ಲಿಂದ ರೀಜನಲ್ ಟ್ರೈನಲ್ಲಿ ಮೊಡೆನಾ ಅರ್ಧ ಗಂಟೆ, ಪಾರ್ಮಾ ಒಂದು ಗಂಟೆ, ಫೆರಾರಾನೂ ಹತ್ರ, ಬೆಳಗ್ಗೆ ಹೋಗಿ ಸಾಯಂಕಾಲ ಅದೇ ರೂಮಿಗೆ ಬರಬಹುದು. ದುಬೈ ಮೇಲೆ ನೇರ ಬೊಲೋನ್ಯಾಗೇ ಇಳಿಯೋ ಫ್ಲೈಟ್ ಇದೆ, ಏರ್‌ಪೋರ್ಟಿಂದ ಸ್ಟೇಷನ್ನಿಗೆ ಮೋನೋರೈಲಲ್ಲಿ ಏಳೇ ನಿಮಿಷ.

ವೀಸಾ ವಿಷ್ಯ ಸಣ್ಣದಾಗಿ: ಷೆಂಗೆನ್ ವೀಸಾ ಬೇಕು, ಹೊರಡೋಕೆ ಆರು ತಿಂಗಳ ಮುಂಚಿಂದ ಅರ್ಜಿ ಹಾಕಬಹುದು, ದೊಡ್ಡವರಿಗೆ ಫೀಸು 90 ಯೂರೋ, ಅದರ ಮೇಲೆ ಸರ್ವಿಸ್ ಚಾರ್ಜ್ ಬೇರೆ. ಟ್ರಾವೆಲ್ ಇನ್ಶೂರೆನ್ಸ್ ಕಮ್ಮಿ ಅಂದ್ರೂ 30,000 ಯೂರೋ ಕವರ್ ಆಗೋದು ಇರ್ಬೇಕು. ಬೇಸಿಗೆ ರಜಾ ಹತ್ರ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಬೇಗ ನೋಡ್ಕೊಳ್ಳಿ.

ಈಗ ವೆಜ್ ವಿಷ್ಯ. ಇದನ್ನ ಸ್ವಲ್ಪ ಬಿಡ್ಸೇ ಹೇಳ್ತೀನಿ, ಯಾಕಂದ್ರೆ ಮೊದಲ್ನೇ ರಾತ್ರಿನೇ ನನಗೆ ಪೆಟ್ಟು ಬಿತ್ತು. ಸಣ್ಣ ಹೋಟ್ಲು, ನಾನು ವೆಜಿಟೇರಿಯನ್ ಅಂತ ಹೇಳ್ದೆ, ಪಸಾಟೆಲ್ಲಿ ತಗೊಳ್ಳಿ ಅದರಲ್ಲಿ ಮಾಂಸ ಇಲ್ಲ ಅಂದ್ರು. ಪಸಾಟೆಲ್ಲಿ ಅಂದ್ರೆ ಬ್ರೆಡ್ ಪುಡಿ, ಚೀಸು, ಮೊಟ್ಟೆ ಕಲಸಿ ನಮ್ಮ ಶಾವಿಗೆ ಒತ್ತಿದ ಹಾಗೆ ಒತ್ತೋದು, ಸ್ವಲ್ಪ ದಪ್ಪ ಇರತ್ತೆ. ಅದೇನೋ ಸರಿ, ಆದ್ರೆ ಅದು ಬಂದಿದ್ದು ಬಿಸಿ ಬಿಸಿ ಸಾರಲ್ಲಿ, ಆ ಸಾರು ಮಾಂಸ ಕುದ್ಸಿ ಮಾಡಿದ್ದು. ಒಂದು ಚಮಚ ಬಾಯಿಗೆ ಹೋಗಿತ್ತು. ಅವ್ರು ಸುಳ್ಳು ಹೇಳ್ಲಿಲ್ಲ, ಅವರ ಲೆಕ್ಕದಲ್ಲಿ ತಟ್ಟೇಲಿ ಮಾಂಸದ ತುಂಡು ಇರ್ಲಿಲ್ಲ ಅಷ್ಟೇ, ಆದ್ರೂ ನನಗೆ ಆ ರಾತ್ರಿ ತುಂಬ ಬೇಜಾರಾಯ್ತು. ಅವತ್ತಿಂದ ವೆಜಿಟೇರಿಯನ್ ಅಂತ ಮಾತ್ರ ಹೇಳೋದು ಬಿಟ್ಟು ಮೂರು ಮಾತು ಬಾಯಿಪಾಠ ಮಾಡ್ಕೊಂಡೆ: ‘ಸೆನ್ಜಾ ಕಾರ್ನೆ, ಸೆನ್ಜಾ ಬ್ರೋದೊ ದಿ ಕಾರ್ನೆ, ಸೆನ್ಜಾ ಸ್ಟ್ರುಟ್ಟೊ.’ ಮಾಂಸ ಬೇಡ, ಮಾಂಸದ ಸಾರು ಬೇಡ, ಹಂದಿ ಕೊಬ್ಬು ಬೇಡ ಅಂತ. ಈ ಸ್ಟ್ರುಟ್ಟೊನೇ ಜಾಸ್ತಿ ಮೋಸ ಮಾಡೋದು, ಪಿಯಾದಿನಾ ಅನ್ನೋ ರೊಟ್ಟಿ ನೋಡಕ್ಕೆ ನಮ್ಮ ಚಪಾತಿ ಥರಾನೇ ಇರತ್ತೆ, ಆದ್ರೆ ಹಿಟ್ಟಿಗೆ ಅದನ್ನ ಹಾಕಿರ್ತಾರೆ, ಉಬ್ಬಿದ ಪೂರಿ ಥರ ಇರೋ ಕ್ರೆಶೆಂಟೀನೆ ಅದರಲ್ಲೇ ಕರೀತಾರೆ, ಬರೀ ಈರುಳ್ಳಿ ಟೊಮ್ಯಾಟೊ ಗೊಜ್ಜಿನ ಹಾಗಿರೋ ಫ್ರಿಜ್ಜೋನೆಗೂ ಹಳೇ ಕ್ರಮದಲ್ಲಿ ಅದೇ. ಪಿಯಾದಿನಾ ಆಲಿವ್ ಎಣ್ಣೆ ಹಾಕಿದ್ದೂ ಸಿಗತ್ತೆ, ಕೇಳಿದ್ರೆ ಹೇಳ್ತಾರೆ.

ಚೀಸಿನ ವಿಷ್ಯ ಇನ್ನೊಂದು. ಪಾರ್ಮಿಜಾನೊ ರೆಜ್ಜಾನೊ ಅನ್ನೋ ಗಟ್ಟಿ ಚೀಸಿಗೆ ಹಾಲು ಹೆಪ್ಪಾಗೋಕೆ ಹಾಕೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಅದು ಆ ಚೀಸಿನ ನಿಯಮದಲ್ಲೇ ಇದೆ, ಬದಲಾಯಿಸೋ ಹಾಗಿಲ್ಲ. ರೋಮಿನ ಪೆಕೊರಿನೊ ಅನ್ನೋ ಕುರಿ ಹಾಲಿನ ಚೀಸಿಗೆ ಕುರಿಮರಿಯದ್ದು. ನಾನು ಹೋಗೋ ಮುಂಚೆ ಇದನ್ನ ಓದಿ ಎರಡು ವಾರ ಯೋಚ್ನೆ ಮಾಡಿ, ಚೀಸು ತಿಂತೀನಿ, ಸಾರು ಕೊಬ್ಬು ತಿನ್ನಲ್ಲ ಅಂತ ಗೆರೆ ಹಾಕ್ಕೊಂಡೆ. ನಿಮ್ಮ ಗೆರೆ ಬೇರೆ ಇರಬಹುದು, ಆದ್ರೆ ಟಿಕೆಟ್ ಬುಕ್ ಮಾಡೋ ಮುಂಚೆನೇ ಹಾಕ್ಕೊಳ್ಳಿ, ಯಾಕಂದ್ರೆ ಈ ಚೀಸು ಬೇಡ ಅನ್ನೋರಿಗೆ ಬೊಲೋನ್ಯಾ ಕಡೆ ಊಟ ಬಹಳ ಕಷ್ಟ, ಟಾರ್ಟೆಲ್ಲೋನಿ ಅನ್ನೋ ಹೂರಣ ತುಂಬಿದ ಪಾಸ್ತಾ ಇದ್ಯಲ್ಲ, ಅದರ ಹೂರಣದೊಳಗೇ ಈ ಚೀಸಿರತ್ತೆ. ಅಂಥವ್ರು ನೇಪಲ್ಸ್ ದಿನ ಜಾಸ್ತಿ ಮಾಡ್ಕೊಳ್ಳಿ. ಅಂಗಡೀಲಿ ‘ಕಾಲ್ಯೊ ವೆಜೆಟಾಲೆ’ ಅಂತ ಬರೆದಿರೋ ಚೀಸು ಇರತ್ತೆ, ಅದು ಗಿಡದ ರೆನೆಟ್ಟಿಂದು.

ನಾನು ದಿನಾ ಬೇಕಾದ್ರೂ ತಿಂತಿದ್ದೆ ಅನ್ನೋ ತಿಂಡಿ ಅಂದ್ರೆ ಟಾರ್ಟೆಲ್ಲೋನಿ, ರಿಕೋಟಾ ಅನ್ನೋ ಮೆತ್ತನೆ ಚೀಸು ತುಂಬಿ ಬೆಣ್ಣೆ, ಸೇಜ್ ಎಲೇಲಿ ಹೊರಳಾಡ್ಸಿ ಕೊಡೋದು. ಪಾರ್ಮಾದಲ್ಲಿ ಇದರ ಅಕ್ಕನೋ ತಂಗಿನೋ ಆದ ಟಾರ್ಟೆಲ್ಲಿ ದೆರ್ಬೆಟ್ಟಾ, ಸೊಪ್ಪು ರಿಕೋಟಾ ಹೂರಣ. ಫೆರಾರಾದಲ್ಲಿ ಸಿಹಿಗುಂಬಳದ ಕಪೆಲ್ಲಾಚ್ಚಿ, ಮಾಂಸದ ಸಾಸ್ ಜೊತೆನೂ ಕೊಡ್ತಾರೆ, ಬೆಣ್ಣೆ ಸೇಜ್ ಅಂತ ಹೇಳಿ ತಗೊಳ್ಳಿ. ಹೆಸರು ನೋಡ್ಕೊಳ್ಳಿ, ‘ಲ್ಲಿನಿ’ ಮತ್ತು ‘ಲ್ಲೋನಿ’ ಬೇರೆ ಬೇರೆ, ಚಿಕ್ಕ ಟಾರ್ಟೆಲ್ಲಿನಿ ಒಳಗೆ ಹಂದಿ ಮಾಂಸ, ಮೊರ್ತಡೆಲ್ಲಾ ಅನ್ನೋ ಹಂದಿ ಸಾಸೇಜ್ ಇರತ್ತೆ. ನಮ್ಮನೆಯವ್ರಿಗೆ ಅದು ಸಾರಲ್ಲಿ ಬಂದಿದ್ದು ತುಂಬಾ ಇಷ್ಟ ಆಯ್ತು, ಮಾತಾಡ್ದೇ ತಿಂದ್ರು. ರಗೂ ಅನ್ನೋ ಮಾಂಸದ ಸಾಸ್ ಜೊತೆ ಟಾಲ್ಯಾಟೆಲ್ಲೆ ಅನ್ನೋ ಉದ್ದ ಪಟ್ಟಿ ಪಾಸ್ತಾನೂ ತಿಂದ್ರು, ಆ ಊರಲ್ಲಿ ರಗೂನ ಸ್ಪಾಗೆಟ್ಟಿ ಜೊತೆ ತಿನ್ನೋ ಪದ್ಧತಿ ಇಲ್ಲ. ಬೇಯಿಸಿದ ಟಾಲ್ಯಾಟೆಲ್ಲೆ ಅಗಲ 8 ಮಿಲಿಮೀಟರ್ ಇರ್ಬೇಕು ಅಂತ 1972ರಲ್ಲಿ ಊರಿನ ವಾಣಿಜ್ಯ ಮಂಡಳೀಲಿ ನೋಂದಾಯಿಸಿ, ಚಿನ್ನದಲ್ಲಿ ಮಾಡಿದ ಮಾದರಿ ಇಟ್ಟಿದಾರೆ.

ಆ ಟಾಲ್ಯಾಟೆಲ್ಲೆ ನಾವೂ ಲಟ್ಟಿಸಿದ್ವಿ. ಪಾಸ್ತಾ ಕ್ಲಾಸ್ ಒಂದು ಮಾಡ್ಲೇಬೇಕು, ಇಬ್ಬರಿಗೂ ಸೇರಿ ಸುಮಾರು ಇನ್ನೂರು ಯೂರೋ ಆಯ್ತು, ಇಡೀ ಟ್ರಿಪ್ಪಲ್ಲಿ ನನಗೆ ಒಂದು ರೂಪಾಯಿನೂ ದಂಡ ಅನ್ನಿಸ್ದೇ ಇದ್ದ ಖರ್ಚು ಇದೇ. ಹೇಳಿಕೊಟ್ಟವ್ರು ಅರವತ್ತು ದಾಟಿದ ಅಮ್ಮ, ಇಂಥವ್ರನ್ನ ಅಲ್ಲಿ ಸ್ಫೊಲ್ಯೀನಾ ಅಂತಾರೆ. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ, ನೀರಿಲ್ಲ ಉಪ್ಪಿಲ್ಲ, ನಾದಿ ಅರ್ಧ ಗಂಟೆ ಬಿಡೋದು. ಹೋಳಿಗೆ ಲಟ್ಟಿಸೋ ಕೈ ನಂದು, ಸುಲಭ ಅಂದ್ಕೊಂಡಿದ್ದೆ. ಲಟ್ಟಣಿಗೆ ಹೆಚ್ಚುಕಮ್ಮಿ ಒಂದು ಮೀಟರ್ ಉದ್ದ, ಹಿಡಿ ಇಲ್ಲ, ಒತ್ತೋ ಹಾಗಿಲ್ಲ, ಹಿಟ್ಟನ್ನ ಲಟ್ಟಣಿಗೆಗೆ ಅರ್ಧ ಸುತ್ತಿ ಅಂಗೈನ ನಡುವಿಂದ ಎರಡೂ ಕಡೆಗೆ ಸರಿಸ್ತಾ ಮುಂದಕ್ಕೆ ತಳ್ಳಿ ಎಳೀಬೇಕು, ಹಿಟ್ಟಿನ ಒಂದು ಅಂಚು ಟೇಬಲಿಂದ ಕೆಳಗೆ ಇಳಿಬಿದ್ದು ತನ್ನ ಭಾರಕ್ಕೇ ಹಿಗ್ಗತ್ತೆ. ನಾಲ್ಕೈದು ಸಲ ತಳ್ಳಿದ್ಮೇಲೆ ಅಮ್ಮ ನನ್ನ ಕೈ ಮೇಲೆ ಕೈ ಇಟ್ಟು ಭಾರ ಎಷ್ಟಿರ್ಬೇಕು ಅಂತ ತೋರ್ಸಿದ್ರು, ಆಮೇಲೆ ಹಾಳೆನ ಎತ್ತಿ ಕಿಟಕಿ ಬೆಳಕಿಗೆ ಹಿಡಿದ್ರು. ಬೆಟ್ಟದ ಮೇಲಿರೋ ಸಾನ್ ಲೂಕಾ ಚರ್ಚು ಆ ಹಾಳೆಯಿಂದಾಚೆ ಕಾಣ್ಬೇಕು ಅನ್ನೋದು ಅಲ್ಲಿಯವರ ಮಾತು. ನಂದು ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪ ಇತ್ತು, ಆದ್ರೂ ಅವತ್ತು ಮಧ್ಯಾಹ್ನ ಅದನ್ನೇ ಬೇಯಿಸಿ ತಿಂದ್ವಿ. ಊರಿಗೆ ಬಂದ್ಮೇಲೆ ಬಡಗಿ ಹತ್ರ ಹೇಳಿ ಅಂಥದ್ದೇ ಒಂದು ಲಟ್ಟಣಿಗೆ ಮಾಡಿಸ್ಕೊಂಡಿದೀನಿ.

ಪಾರ್ಮಿಜಾನೊ ಚೀಸ್ ಫ್ಯಾಕ್ಟರಿಗೆ ಹೋಗೋದಾದ್ರೆ ಬೆಳಗ್ಗೆ ಬೇಗ ಹೋಗಿ, ಹಾಲು ಕಾಸೋದು ಬೆಳಗ್ಗೆ ಒಂದೇ ಹೊತ್ತು, ಹನ್ನೊಂದಕ್ಕೆ ಹೋದ್ರೆ ತೊಳೆದ ನೆಲ ನೋಡ್ಕೊಂಡು ಬರಬೇಕಾಗತ್ತೆ. ಮುಂಚೆ ಬುಕ್ ಮಾಡ್ಬೇಕು, ಕೆಲವು ಕಡೆ ಸ್ಟೇಷನ್ನಿಂದ ಟ್ಯಾಕ್ಸಿನೇ ಗತಿ. ನಾವು ಪಾರ್ಮಾ ಹತ್ರದ ಒಂದಕ್ಕೆ ಎಂಟೂವರೆಗೆ ಹೋಗಿದ್ವಿ. ಗಂಟೆ ತಲೆಕೆಳಗೆ ಮಾಡಿಟ್ಟ ಹಾಗಿರೋ ತಾಮ್ರದ ಹಂಡೆಗಳು, ಬಾಗಿಲು ತೆಗೀತಿದ್ದ ಹಾಗೆ ಹಾಲು ಕಾಯೋ ವಾಸ್ನೆ. ಇಬ್ರು ಹಂಡೆಗೆ ಬಗ್ಗಿ ತಳದಲ್ಲಿ ಕೂತಿದ್ದ ಗಟ್ಟೀನ ಮರದ ಹಲಗೇಲಿ ಮೇಲಕ್ಕೆತ್ತಿ, ಬಟ್ಟೇಲಿ ಕಟ್ಟಿ, ಚಾಕು ಹಾಕಿ ಎರಡು ಪಾಲು ಮಾಡಿದ್ರು. ಒಂದೊಂದು ಗಾಲಿ ಚೀಸು ಸುಮಾರು 40 ಕೆಜಿ, ಅದಕ್ಕೆ 550 ಲೀಟರ್ ಹತ್ರ ಹಾಲು, ಕಮ್ಮಿ ಅಂದ್ರೂ 12 ತಿಂಗಳು ಮಾಗ್ಬೇಕು. 12, 24, 36 ತಿಂಗಳಿಂದು ಮೂರೂ ರುಚಿಗೆ ಕೊಟ್ರು, 36ರದ್ದು ಪುಡಿಪುಡಿಯಾಗಿ ಹಲ್ಲಿಗೆ ಸಣ್ಣ ಹರಳು ಸಿಗತ್ತೆ.

ಮೊಡೆನಾದಲ್ಲಿ ಬಾಲ್ಸಮಿಕ್ ವಿನೆಗರ್ ಕೊಳ್ಳೋರು ಬಾಟಲಿ ಮೇಲೆ ‘ಟ್ರಾದಿತ್ಸಿಯೊನಾಲೆ’ ಅಂತ ಇದೆಯಾ ನೋಡಿ. ಅದು ಬರೀ ದ್ರಾಕ್ಷಿ ರಸ ಕುದಿಸಿ ಮನೆ ಅಟ್ಟದ ಮೇಲೆ ಸಾಲು ಪೀಪಾಯಿಗಳಲ್ಲಿ ಕಮ್ಮಿ ಅಂದ್ರೆ 12 ವರ್ಷ, ಎಕ್ಸ್‌ಟ್ರಾವೆಕ್ಕಿಯೊ ಅಂದ್ರೆ 25 ವರ್ಷ ಇಟ್ಟಿದ್ದು, 100 ಮಿಲಿ ದುಂಡನೆ ಬಾಟಲೀಲೇ ಬರತ್ತೆ. ಸೂಪರ್‌ಮಾರ್ಕೆಟ್ಟಿನ ಅಗ್ಗದ್ದು ವೈನ್ ವಿನೆಗರ್ ಬೆರೆಸಿ ಎರಡು ತಿಂಗಳಲ್ಲಿ ಆಗೋದು, ಎರಡೂ ಬೇರೆ ವಸ್ತುನೇ. ಮಧ್ಯಾಹ್ನ ಅಲ್ಬಿನೆಲ್ಲಿ ಮಾರ್ಕೆಟ್ಟಲ್ಲಿ ತಿಂದ್ವಿ.

ನೇಪಲ್ಸ್ ನನ್ನ ಊರು ಅನ್ನಿಸ್ಬಿಡ್ತು, ಗಲಾಟೆ, ಸ್ಕೂಟರು, ಬಾಲ್ಕನಿ ತುಂಬ ಬಟ್ಟೆ. ಮರಿನಾರಾ ಪಿಜ್ಜಾದಲ್ಲಿ ಚೀಸೇ ಇಲ್ಲ, ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ, ಐದಾರು ಯೂರೋ, ಮೂರು ದಿನದಲ್ಲಿ ನಾಲ್ಕು ಸಲ ತಿಂದೆ. ಫ್ರಿಯಾರಿಯೆಲ್ಲಿ ಅಂತ ಕಹಿ ಸೊಪ್ಪಿನ ಪಲ್ಯ ಸಿಗತ್ತೆ, ಚಳಿಗಾಲದಲ್ಲಿ ಇನ್ನೂ ಚೆನ್ನಾಗಿರತ್ತಂತೆ, ನಮ್ಮನೇಲಿ ಮಾಡೋ ಸೊಪ್ಪಿನ ನೆನಪು ಬಂದು ಗಂಟಲು ಕಟ್ತು. ಇಲ್ಲೂ ಕೊಬ್ಬಿನ ಬಗ್ಗೆ ಎಚ್ಚರ, ತರಾಲ್ಲಿ ಅನ್ನೋ ಕೋಡುಬಳೆ ಥರದ ತಿಂಡಿ, ಸ್ಫೊಲ್ಯಾಟೆಲ್ಲಾ ಅನ್ನೋ ಪದರದ ಸಿಹಿ, ಎರಡಕ್ಕೂ ಹಾಕೋದುಂಟು.

ದುಡ್ಡಿನ ಲೆಕ್ಕಕ್ಕೆ ಬಂದ್ರೆ ಬಿಲ್ಲಲ್ಲಿ ‘ಕೊಪೆರ್ತೊ’ ಅಂತ ತಲೆಗೆ ಎರಡು ಮೂರು ಯೂರೋ ಇರತ್ತೆ, ಅದು ಮೋಸ ಅಲ್ಲ, ಕೂತಿದ್ದಕ್ಕೆ, ಬ್ರೆಡ್ಡಿಗೆ. ನೀರಿಗೂ ದುಡ್ಡು. ಕಾಫಿ ನಿಂತ್ಕೊಂಡು ಕುಡಿದ್ರೆ ಅಗ್ಗ, ಕೂತ್ರೆ ಜಾಸ್ತಿ. ಮೆನುವಿನ ನಾಲ್ಕೂ ಭಾಗದಿಂದ ಆರ್ಡರ್ ಮಾಡ್ಬೇಕು ಅಂತಿಲ್ಲ, ಒಬ್ಬೊಬ್ರಿಗೆ ಒಂದು ಪಾಸ್ತಾ, ಮಧ್ಯೆ ಒಂದು ತರಕಾರಿ ‘ಕೊಂತೋರ್ನೊ’ ಸಾಕು. ಪೇಪರ್ ರೀಜನಲ್ ಟಿಕೆಟ್ ತಗೊಂಡ್ರೆ ಹತ್ತೋ ಮುಂಚೆ ಸ್ಟೇಷನ್ನಿನ ಮಷೀನಲ್ಲಿ ಮುದ್ರೆ ಹಾಕಿಸ್ಬೇಕು, ಇಲ್ಲಾಂದ್ರೆ ದಂಡ. ಬೊಲೋನ್ಯಾದಿಂದ ನೇಪಲ್ಸಿನ ಫಾಸ್ಟ್ ಟ್ರೈನ್ ಮಾತ್ರ ತಿಂಗಳುಗಟ್ಲೆ ಮುಂಚೆ ಬುಕ್ ಮಾಡಿ, ಕೊನೇಲಿ ರೇಟ್ ತುಂಬ ಏರತ್ತೆ. ಏಪ್ರಿಲ್ 25, ಮೇ 1 ಸರ್ಕಾರಿ ರಜೆ, ಮಾರ್ಕೆಟ್ಟು ಬಾಗಿಲು ಹಾಕಿರತ್ತೆ, ಭಾನುವಾರ ರಾತ್ರಿ, ಸೋಮವಾರ ಎಷ್ಟೋ ಹೋಟ್ಲು ಇರಲ್ಲ, ಆಗಸ್ಟ್ 15ರ ಆಸುಪಾಸು ಅಲ್ಲಿಯವರ ಬೇಸಿಗೆ ರಜಾ, ಆಗಂತೂ ಹೋಗ್ಲೇಬೇಡಿ. ಪಾಸ್ತಾ ಕ್ಲಾಸ್, ಚೀಸ್ ಫ್ಯಾಕ್ಟರಿ ಎರಡರ ತಾರೀಖೂ ಮೊದ್ಲು ಗಟ್ಟಿ ಮಾಡ್ಕೊಂಡು ಆಮೇಲೆ ರೂಮ್ ಬುಕ್ ಮಾಡಿ.