ಕೆಂಪು ಚಪ್ಪಟೆ ಹುಳು, ಒಂದು ಸಣ್ಣ ಪೈಪು, ಹನ್ನೊಂದು ವಾರ

ನಮ್ಮ ಅಕ್ವೇರಿಯಂನಲ್ಲಿ ಇದನ್ನು ಮೊದಲು ನೋಡಿದ್ದು ಅಮ್ಮ. "ಏನೇ ಇದು, ಕಲ್ಲಿಗೆ ತುಕ್ಕು ಹಿಡಿದ ಹಾಗಿದೆ" ಅಂದರು. ಪಾಚಿ ಇರಬೇಕು ಅಂದುಕೊಂಡು ನಾನು ಸುಮ್ನಾದೆ. ಎರಡು ದಿನ ಬಿಟ್ಟು ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ನೋಡಿದರೆ ಆ ತುಕ್ಕು ಜರುಗುತ್ತಿತ್ತು.

ನಮ್ಮದು ಬೆಂಗಳೂರಿನ ಮನೆಯ ಹಾಲ್‌ನಲ್ಲಿರುವ ಮೂರಡಿ ಉದ್ದದ ಉಪ್ಪುನೀರಿನ ಟ್ಯಾಂಕ್, ಸುಮಾರು 190 ಲೀಟರ್. ಎರಡು ಕ್ಲೌನ್ ಮೀನು, ಒಂದು ಫೈರ್‌ಫಿಶ್, ಒಂದಿಷ್ಟು ಮೆತ್ತನೆಯ ಹವಳ, ಅಂದರೆ ಝೋಯಾಂಥಸ್, ಮಶ್ರೂಮ್, ಗ್ರೀನ್ ಸ್ಟಾರ್ ಪಾಲಿಪ್. ಗಟ್ಟಿ ಹವಳಗಳನ್ನು ಇಟ್ಟಿಲ್ಲ, ಇಡುವುದೂ ಇಲ್ಲ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಅವೂ ಇವೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಹೇಳಿದೆ.

ಆ ಜರುಗುವ ತುಕ್ಕು ಒಂದು ಕೆಂಪು ಹುಳು, ಟ್ಯಾಂಕ್ ಇಟ್ಟವರು ಇದನ್ನು ರೆಡ್ ಪ್ಲನೇರಿಯಾ ಅನ್ನುತ್ತಾರೆ. ಶಾಸ್ತ್ರೀಯ ಹೆಸರು ಕಾನ್ವೊಲುಟ್ರಿಲೋಬಾ ರೆಟ್ರೊಜೆಮ್ಮಾ. ಅರ್ಧ ಸೆಂಟಿಮೀಟರಿಗೆ ಹೆಚ್ಚು ಕಡಿಮೆ, ತುಕ್ಕಿನ ಬಣ್ಣ, ಬಾಲದ ಕಡೆ ಮೂರು ಪುಟ್ಟ ಎಸಳು. ಆ ಮೂರು ಎಸಳು ಕಂಡರೆ ಅನುಮಾನವೇ ಬೇಡ. ಗಾಜಿನ ಮೇಲೆ ಓಡಾಡುವ ಬಿಳಿಯ, ಪಾರದರ್ಶಕ ಹುಳುಗಳೂ ಇರುತ್ತವೆ, ಅವುಗಳಿಂದ ಅಂಥ ತೊಂದರೆ ಇಲ್ಲ. ನಿಜ ಹೇಳಬೇಕೆಂದರೆ ಈ ಕೆಂಪು ಹುಳುವನ್ನು ವಿಜ್ಞಾನಿಗಳು ಈಗ ಚಪ್ಪಟೆ ಹುಳುಗಳ ಗುಂಪಿನಿಂದಲೇ ಹೊರಗಿಟ್ಟು ಅಸೀಲಾ ಅನ್ನುವ ಬೇರೆ ಗುಂಪಿಗೆ ಸೇರಿಸಿದ್ದಾರೆ. ನಮಗೆ ಮುಖ್ಯ ಅದು ಹೆಚ್ಚುವ ರೀತಿ. ಜೋಡಿ ಬೇಕಾಗಿಲ್ಲ. ಹಿಂಬದಿಯ ಅಂಚಿನಲ್ಲಿ ಮರಿ ಮೊಗ್ಗಿನ ಹಾಗೆ ತಲೆಕೆಳಗಾಗಿ ಬೆಳೆದು ಕಳಚಿಕೊಳ್ಳುತ್ತದೆ, ಹೆಸರಿನಲ್ಲಿರುವ ರೆಟ್ರೊಜೆಮ್ಮಾ ಅಂದರೆ ಅದೇ, ಹಿಮ್ಮುಖ ಮೊಗ್ಗು. ಒಂದೇ ಒಂದು ಉಳಿದರೂ ಮತ್ತೆ ಟ್ಯಾಂಕ್ ತುಂಬಲು ಸಾಕು.

ಅವು ಹವಳವನ್ನು ತಿನ್ನುವುದಿಲ್ಲ. ಮೈಯೊಳಗೆ ಪಾಚಿ ಇಟ್ಟುಕೊಂಡಿವೆ, ಬೆಳಕಿನಿಂದ ಅರ್ಧ ಊಟ ಆಗುತ್ತದೆ. ಉಳಿದದ್ದಕ್ಕೆ ಕೋಪಿಪಾಡ್‌ನಂಥ ಸಣ್ಣ ಜೀವಿಗಳನ್ನು ಹಿಡಿಯುತ್ತವೆ. ತೊಂದರೆ ಏನೆಂದರೆ ಸಾವಿರಗಟ್ಟಲೆ ಬಂದು ಕಂಬಳಿ ಹೊದಿಸಿದ ಹಾಗೆ ಕೂರುತ್ತವೆ. ಅಡಿಯಲ್ಲಿರುವ ಹವಳದ ಪಾಲಿಪ್‌ಗೆ (ಹೂವಿನ ಹಾಗೆ ಅರಳುವ ಪುಟ್ಟ ಜೀವಿಗೆ) ಬೆಳಕು ಸಿಗುವುದಿಲ್ಲ. ನನ್ನ ಗ್ರೀನ್ ಸ್ಟಾರ್ ಪಾಲಿಪ್ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ ಬಾಯಿ ತೆರೆಯುವುದನ್ನೇ ನಿಲ್ಲಿಸಿಬಿಟ್ಟಿತ್ತು.

ಮದ್ದು ಸಿಗುತ್ತದೆ. ದನಕರುಗಳಿಗೆ ಜಂತುಹುಳಕ್ಕೆ ಕೊಡುವ ಲೆವಮಿಸೋಲ್ ಹಾಕುವವರೂ ಇದ್ದಾರೆ. ಹುಳು ಸಾಯುತ್ತವೆ, ಅದರಲ್ಲಿ ಸುಳ್ಳಿಲ್ಲ. ಆದರೆ ಈ ಹುಳುವಿನ ಮೈಯಲ್ಲೇ ವಿಷ ಇದೆ. ಸಾವಿರಾರು ಹುಳು ಒಟ್ಟಿಗೆ ಸತ್ತು ಕರಗಿದರೆ ಆ ವಿಷ ಅಷ್ಟೂ ನೀರಿಗೆ. ನನ್ನ ಗೆಳತಿಯೊಬ್ಬಳು ಹೀಗೇ ಮಾಡಿದಳು, ಸಂಜೆ ಮದ್ದು ಹಾಕಿದ್ದು, ಬೆಳಗ್ಗೆ ಹೊತ್ತಿಗೆ ಆರು ವರ್ಷ ಸಾಕಿದ ಟ್ಯಾಂಗ್ ಮೀನು ಮಗ್ಗುಲಾಗಿ ಬಿದ್ದಿತ್ತು, ನೀರು ಕಿತ್ತಳೆ ಬಣ್ಣ. ಫೋನಿನಲ್ಲಿ ಅವಳು ಅತ್ತಿದ್ದು ನನಗೆ ಇನ್ನೂ ನೆನಪಿದೆ. ಅವತ್ತೇ ತೀರ್ಮಾನ ಮಾಡಿದ್ದೆ, ನನ್ನ ಟ್ಯಾಂಕಿಗೆ ಇದು ಬಂದರೆ ಒಳಗೆ ಸಾಯಿಸುವುದಿಲ್ಲ, ಜೀವಂತವಾಗಿ ಹೊರಗೆ ತೆಗೆಯುತ್ತೇನೆ.

ತೆಗೆಯುವುದು ಹೇಗೆ? ಹೀರಿ. ಏರ್ ಪಂಪಿಗೆ ಹಾಕುವ ಸಣ್ಣ ಪ್ಲಾಸ್ಟಿಕ್ ಪೈಪು ಸಾಕು. ದಪ್ಪ ಪೈಪಾದರೆ ಹತ್ತು ಹುಳು ಹಿಡಿಯುವಷ್ಟರಲ್ಲಿ ಅರ್ಧ ಬಕೆಟ್ ನೀರು ಹೋಗಿರುತ್ತದೆ. ಪೈಪಿನ ತುದಿಗೆ ಒಂದು ಬಿದಿರಿನ ಕಡ್ಡಿ ಕಟ್ಟಿಕೊಂಡೆ, ಬೇಕಾದ ಕಡೆ ನೇರವಾಗಿ ತೋರಿಸಲು. ಹೀರಲು ಶುರು ಮಾಡುವಾಗ ಬಾಯಿ ಹಾಕಲೇಬೇಡಿ, ಒಂದು ದೊಡ್ಡ ಸಿರಿಂಜ್ ಇಟ್ಟುಕೊಳ್ಳಿ. ಝೋಯಾಂಥಸ್ ಇರುವ ಟ್ಯಾಂಕಿನ ನೀರು ಬಾಯಿಗೆ ಹೋಗಬಾರದು. ಅವುಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಬಹಳ ಕೆಟ್ಟ ವಿಷ ಇರಬಹುದು.

ಹುಳುಗಳಿಗೆ ಬೆಳಕು ಬೇಕು, ಹರಿವು ಬೇಡ. ಇದನ್ನೇ ಬಳಸಿಕೊಳ್ಳಬೇಕು. ಲೈಟ್ ಹತ್ತಿ ಒಂದು ಗಂಟೆ ಆಗುವ ಹೊತ್ತಿಗೆ ಅವು ಸಂದಿಯಿಂದ ಎದ್ದು ಬಂದು ಕಲ್ಲಿನ ನೆತ್ತಿಯ ಮೇಲೆ ಬಿಸಿಲು ಕಾಯಿಸುವವರ ಹಾಗೆ ಕೂತಿರುತ್ತವೆ. ಆಗ ವೇವ್‌ಮೇಕರ್ (ಟ್ಯಾಂಕಿನಲ್ಲಿ ನೀರು ಹರಿಸುವ ಪಂಪು) ಆರಿಸಿ, ಮೇಲಿನಿಂದ ಕೆಳಗೆ ಒಂದೊಂದೇ ಕಲ್ಲು ನೋಡುತ್ತಾ ಬರುವುದು. ಆತುರ ಮಾಡಿ ಪೈಪಿನಿಂದ ಉಜ್ಜಬಾರದು, ಉಜ್ಜಿದರೆ ಹುಳು ಜಜ್ಜಿಹೋಗುತ್ತದೆ, ಮತ್ತೆ ಅದೇ ವಿಷದ ಮಾತು. ತುದಿಯನ್ನು ಹತ್ತಿರ ಹಿಡಿದರೆ ಸಾಕು, ತಾನೇ ಕಳಚಿಕೊಂಡು ಬರುತ್ತದೆ.

ಮೊದಲ ಎರಡು ವಾರ ಹೀರಿದ ನೀರನ್ನು ಪೂರ್ತಿ ಚೆಲ್ಲಿದೆ. ದಿನ ಬಿಟ್ಟು ದಿನ ಹತ್ತು ಲೀಟರ್, ಅಷ್ಟೇ ಹೊಸ ಉಪ್ಪುನೀರು ಹಾಕುವುದು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಒಂದು ಸಲಕ್ಕೆ 350 ಗ್ರಾಂ ಉಪ್ಪು ಆಯ್ತು. ಸಮುದ್ರದ ಉಪ್ಪಿನ ಮಿಶ್ರಣಕ್ಕೆ ಇಲ್ಲಿ ಎಷ್ಟು ಬೆಲೆ ಅಂತ ಇಟ್ಟವರಿಗೆ ಗೊತ್ತು. ಆಮೇಲೆ ಕಾಫಿ ಸೋಸುವ ಹೊಸ ಬಟ್ಟೆಯೊಂದನ್ನು ಸೋಪು ತಾಗಿಸದೆ ತೊಳೆದು, ನಾಲ್ಕು ಮಡಿಕೆ ಮಾಡಿ ಬಕೆಟ್ಟಿಗೆ ಕಟ್ಟಿ, ಅದರ ಮೂಲಕ ಸೋಸಿದ ನೀರನ್ನೇ ವಾಪಸ್ ಹಾಕಿದೆ. ಸೋಸಿದ ನೀರಿಗೆ ಒಂದು ಚೂರು ಕಿತ್ತಳೆ ಬಣ್ಣ ಬಂದರೂ ವಾಪಸ್ ಹಾಕಬೇಡಿ. ಬಟ್ಟೆಯಲ್ಲಿ ಉಳಿದ ಹುಳುಗಳನ್ನು ಸಿಹಿನೀರಿನ ಬಕೆಟ್ಟಿಗೆ ಅದ್ದಿದರೆ ಕ್ಷಣದಲ್ಲಿ ಮುಗಿಯುತ್ತದೆ. ಉಪ್ಪುನೀರಿನ ಮೈಗೆ ಸಿಹಿನೀರು ನುಗ್ಗಿ ಒಡೆದುಹೋಗುತ್ತವೆ. ಆ ನೀರು ಬಚ್ಚಲಿಗೆ.

ಮೊದಲ ದಿನ ಬಟ್ಟಲಿಗೆ ಸುರಿದು ಎಣಿಸಿದೆ, ಇನ್ನೂರು ದಾಟಿದ ಮೇಲೆ ಬಿಟ್ಟೆ. ಅಮ್ಮ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸಿ ಪಳಗಿದ ಕಣ್ಣು ಅವರದು, ನನಗೆ ಕಾಣದ್ದು ಅವರಿಗೆ ಕಾಣುತ್ತಿತ್ತು. "ಅಲ್ಲಿ ನೋಡೇ, ಎಡಗಡೆ, ಆ ಅಣಬೆ ಕೆಳಗೆ." ಮಶ್ರೂಮ್ ಹವಳಕ್ಕೆ ಅಮ್ಮ ಅಣಬೆ ಅಂತಲೇ ಅನ್ನುವುದು.

ಮೂರು ವಾರ ಕಳೆಯಿತು. ಹೀರಿದಷ್ಟೂ ಬರುತ್ತಲೇ ಇದ್ದವು. ಸೋಮವಾರ ಚೊಕ್ಕಟ ಮಾಡಿದ ಕಲ್ಲಿನ ಮೇಲೆ ಬುಧವಾರ ಮತ್ತೆ ಮೂವತ್ತು. ನಿಜಕ್ಕೂ ಬೇಜಾರಾಯಿತು, ಮದ್ದಿನ ಕಡೆ ಮನಸ್ಸು ಹೋಗಿದ್ದೂ ಹೌದು. ಆಗ ಒಂದು ರಾತ್ರಿ ಸುಮ್ನೆ ಕೆಳಗಿನ ಕ್ಯಾಬಿನೆಟ್ ಬಾಗಿಲು ತೆಗೆದೆ. ಸಂಪ್ (ಅಂಗಳದಲ್ಲಿರುವ ನೀರಿನ ಸಂಪು ಅಲ್ಲ, ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಒಳಗೆ ಕೀಟೋ ಪಾಚಿ ಬೆಳೆಸುವ ಒಂದು ಅಂಕಣ ಇದೆ, ಮೀನಿನ ಕೊಳೆಯಿಂದ ನೀರಿಗೆ ಸೇರುವ ನೈಟ್ರೇಟ್ ಹೀರಲಿ ಅಂತ. ಅದಕ್ಕೆ ರಾತ್ರಿಯೆಲ್ಲ ಲೈಟು. ನೀರಿನ ಹರಿವು ನಿಧಾನ. ಕೋಪಿಪಾಡ್ ಬೇಕಾದಷ್ಟು. ಹುಳುಗಳಿಗೆ ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗಬೇಕು? ಗಾಜಿಗೆ ಗಾಜೇ ಕೆಂಪಾಗಿತ್ತು. ಮೇಲೆ ನಾನು ಹೀರುತ್ತಿದ್ದೆ, ಕೆಳಗಿನಿಂದ ಪಂಪು ಹೊಸ ಹುಳು ಕಳಿಸುತ್ತಿತ್ತು.

ಆ ಪಾಚಿ ಪೂರ್ತಿ ತೆಗೆದು ಎಸೆದೆ, ಅದರ ಲೈಟ್ ಆರಿಸಿದೆ. ಪಂಪ್ ನಿಲ್ಲಿಸಿ ಆ ಅಂಕಣದ ನೀರನ್ನು ತಳದ ಕೆಸರಿನ ಸಮೇತ ಹೊರಗೆ ಹಾಕಿದೆ. ಜೊತೆಗೆ ಇನ್ನೊಂದು ಕೆಲಸ ಮಾಡಿದೆ. ಮೀನಿಗೆ ಇಷ್ಟ ಅಂತ ವಾರಕ್ಕೆ ಮೂರು ಸಲ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಜೀವಿ) ಮರಿ ಮಾಡಿಸಿ ಸುರಿಯುತ್ತಿದ್ದೆ. ಮೀನಿಗಿಂತ ಹುಳುಗಳೇ ಅದನ್ನು ಜಾಸ್ತಿ ಹಿಡಿಯುತ್ತಿದ್ದವು, ಮೈಯ ಮುಂದಿನ ಅಂಚನ್ನು ಎತ್ತಿ ಮರಿ ಬಂದ ತಕ್ಷಣ ಮುಚ್ಚಿಕೊಳ್ಳುವುದು. ಅದನ್ನು ನಿಲ್ಲಿಸಿದೆ. ಎರಡನೇ ವೇವ್‌ಮೇಕರ್ ಹಾಕಿ ನೀರು ನಿಲ್ಲುವ ಮೂಲೆಗಳನ್ನು ಕಡಿಮೆ ಮಾಡಿದೆ. ಆಕ್ಟಿವೇಟೆಡ್ ಕಾರ್ಬನ್ ಮಾತ್ರ ಮೊದಲ ದಿನದಿಂದ ಕೊನೆಯವರೆಗೂ ಇತ್ತು, ಅಲ್ಲೊಂದು ಇಲ್ಲೊಂದು ಸತ್ತ ಹುಳುವಿನ ವಿಷ ಅದು ಹಿಡಿದುಕೊಳ್ಳಲಿ ಅಂತ. ಇದಾದ ಮೇಲೆ ಲೆಕ್ಕ ಇಳಿಯತೊಡಗಿತು.

ಹುಳು ತಿನ್ನುವ ಮೀನು ತರಬಹುದಲ್ವಾ ಅಂತ ಕೇಳುತ್ತೀರಿ. ತಂದೂ ನೋಡಿದೆ. ಆರನೇ ವಾರ ಒಂದು ಹಳದಿ ಕೋರಿಸ್ ರಾಸ್ ಬಂತು. ಕಲ್ಲಿನ ಸಂದಿಯಲ್ಲಿ ಹೆಕ್ಕುತ್ತಾ ಇಡೀ ದಿನ ಓಡಾಡುತ್ತದೆ, ಹುಳು ತಿಂದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಒಂದು ಮೀನು ತಿಂದರೆ ಇನ್ನೊಂದು ಮೂಸಿಯೂ ನೋಡುವುದಿಲ್ಲ. ಅದನ್ನೇ ನಂಬಿಕೊಂಡು ಪೈಪು ಕೆಳಗಿಡಬೇಡಿ. ರಾತ್ರಿ ಅದು ಮರಳಿನೊಳಗೆ ಹೂತುಕೊಂಡು ಮಲಗುತ್ತದೆ, ಹಾಗಾಗಿ ಎರಡು ಇಂಚಾದರೂ ಮರಳು ಬೇಕು, ಮೇಲೆ ಜಾಲರಿ ಮುಚ್ಚಳ ಬೇಕು, ಹಾರುತ್ತದೆ. ಸಿಕ್ಸ್ ಲೈನ್ ರಾಸ್ ಕೂಡ ತಿನ್ನುತ್ತದೆ, ಆದರೆ ದೊಡ್ಡದಾಗುತ್ತಾ ಜಗಳಗಂಟಿಯಾಗುತ್ತದೆ. ನನ್ನ ಫೈರ್‌ಫಿಶ್ ತೀರಾ ಅಂಜುಬುರುಕ, ಹಾಗಾಗಿ ಬೇಡ ಅಂದೆ.

ಇನ್ನು ನೀಲಿ ವೆಲ್ವೆಟ್ ಸ್ಲಗ್, ಕೆಲಿಡೊನ್ಯೂರಾ ವೇರಿಯನ್ಸ್. ಕಪ್ಪು ಮಖಮಲ್ಲಿನ ಮೇಲೆ ನೀಲಿ ಗೆರೆ ಎಳೆದ ಹಾಗಿರುವ, ಬಸವನಹುಳುವಿನ ಜಾತಿಯ ಕಡಲ ಜೀವಿ, ಅಷ್ಟು ಚೆಂದದ ಪ್ರಾಣಿ. ಇಂಥ ಹುಳುಗಳೇ ಅದರ ಊಟ. ಅಂದರೆ ಕೆಲಸ ಮುಗಿದ ದಿನದಿಂದ ಅದಕ್ಕೆ ಉಪವಾಸ. ಮುಂದೆ ಕೊಡಲು ಹುಳು ಇರುವ ಇನ್ನೊಂದು ಟ್ಯಾಂಕ್ ಗೊತ್ತಿದ್ದರೆ ಮಾತ್ರ ತನ್ನಿ. ನಮ್ಮ ಹುಳು ತಿನ್ನಿಸಿ ಅದನ್ನು ಹಸಿವಿನಿಂದ ಸಾಯಲು ಬಿಡುವುದು ನನ್ನಿಂದ ಆಗಲಿಲ್ಲ.

ಮದ್ದು ಬೇಡ ಅನ್ನುವವರಿಗೆ ಕೆಲವರು ಕಲ್ಲನ್ನೇ ಹೊರಗೆ ತೆಗೆದು ಕುದಿಸಿಬಿಡಿ ಅನ್ನುತ್ತಾರೆ. ದಯವಿಟ್ಟು ಮಾಡಬೇಡಿ. ಝೋಯಾಂಥಸ್ ಇದ್ದ ಕಲ್ಲನ್ನು ಕುದಿಸಿದರೆ ಪಾಲಿಟಾಕ್ಸಿನ್ ಹಬೆಯ ಜೊತೆ ಗಾಳಿಗೆ ಬರುತ್ತದೆ, ಹೀಗೆ ಇಡೀ ಮನೆಯವರು ಆಸ್ಪತ್ರೆ ಸೇರಿದ್ದು ಉಂಟು. ಒಂದು ಚಿಕ್ಕ ಕಲ್ಲಿನ ಹುಳು ತೆಗೆಯಬೇಕಾದರೆ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಅಲುಗಿಸಿ, ಸಿರಿಂಜಿನಿಂದ ನೀರು ಚಿಮ್ಮಿಸಿ. ಮುಕ್ಕಾಲು ಪಾಲು ಉದುರುತ್ತವೆ. ಆ ನೀರು ಮತ್ತೆ ಟ್ಯಾಂಕಿಗೆ ಹೋಗಬಾರದು.

ಒಂಬತ್ತನೇ ವಾರ ಒಂದು ದಿನಕ್ಕೆ ಹನ್ನೆರಡು ಸಿಕ್ಕವು. ಹತ್ತನೇ ವಾರ ಮೂರು. ಹನ್ನೊಂದನೇ ವಾರದ ಭಾನುವಾರ ಅಮ್ಮ ಹಿಂದಿನ ಗಾಜಿನ ಮೂಲೆಯಲ್ಲಿ ಒಂದನ್ನು ತೋರಿಸಿದರು, ಅದನ್ನು ಹೀರಿದೆ. ಅದಾಗಿ ಐದು ತಿಂಗಳು. ಬಿದಿರು ಕಡ್ಡಿ ಕಟ್ಟಿದ ಪೈಪು ಕ್ಯಾಬಿನೆಟ್ ಒಳಗಿನ ಮೊಳೆಗೆ ಇನ್ನೂ ತೂಗುಹಾಕಿದೆ, ವಾರಕ್ಕೊಮ್ಮೆ ಸಂಪಿನ ಗಾಜಿಗೂ ಟಾರ್ಚ್ ಬಿಟ್ಟು ನೋಡುತ್ತೇನೆ. ಗ್ರೀನ್ ಸ್ಟಾರ್ ಪಾಲಿಪ್‌ನ ಆ ಅಂಗೈ ಅಗಲದ ಜಾಗದಲ್ಲಿ ಹಸಿರು ಎಸಳುಗಳು ಅಂಚಿನಿಂದ ಶುರುವಾಗಿ ಈಗ ನಡುವಿನವರೆಗೂ ತೆರೆದಿವೆ.